ತೊಂಬತ್ತೇಳನೆಯ ಪುಟದ ಕೋಳಿಗಳು

ದಾಕ್ಷಾಯಿಣಿಯವರು ಸಾಬೂನಿನಷ್ಟು ದೊಡ್ಡದಾದ ಬೂದು ಬಣ್ಣದ ಉಪಕರಣವನ್ನು ಮುಚ್ಚಿದ ಪುಸ್ತಕದ ಅಂಚಿನ ಮೇಲೆ ಮೆಲ್ಲಗೆ ಎಳೆದರು. ಅದರ ಬೆನ್ನ ಮೇಲಿನ ಪುಟ್ಟ ದೀಪಗಳು ಸಾಲಾಗಿ ಹೊತ್ತಿಕೊಂಡವು. ಮೊದಲ ನಾಲ್ಕು ಹಸಿರು, ಉಳಿದವೆಲ್ಲ ಕೆಂಪು.

"ಮುನ್ನುಡಿ ಓದಿ ಮಲಗಿಸೀರಿ ಇದನ್ನ" ಎಂದು ಗಂಡನ ಕಡೆ ನೋಡದೆಯೇ ಹೇಳಿ, ಮುಂದಿನ ಪುಸ್ತಕಕ್ಕೆ ಕೈ ಹಾಕಿದರು.

ಅದು 2058ನೆಯ ಇಸವಿ. ಉಪಕರಣದ ಹೆಸರು ಪುಟಸಾಕ್ಷಿ. ಕಾಗದದ ರಸಾಯನಶಾಸ್ತ್ರದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ದಾಕ್ಷಾಯಿಣಿಯವರು ಧಾರವಾಡದ ತಮ್ಮ ಪ್ರಯೋಗಾಲಯದಲ್ಲಿ ಅದನ್ನು ಕಂಡುಹಿಡಿದಿದ್ದರು. ಪುಟ ತಿರುವುವಾಗ ಬೆರಳಿನ ಜಿಡ್ಡು ಕಣ್ಣಿಗೆ ಕಾಣದಷ್ಟು ಕಾಗದಕ್ಕೆ ಅಂಟುತ್ತದೆ. ವರ್ಷಗಳು ಕಳೆದಂತೆ ಆ ಜಿಡ್ಡು ಗಾಳಿಯೊಡನೆ ಬೆರೆತು ಬದಲಾಗುತ್ತದೆ. ಒಂದು ಬಗೆಯ ನೇರಳೆ ಬೆಳಕು ಬಿದ್ದರೆ ಮಿನುಗುತ್ತದೆ. ಆ ಮಿನುಗನ್ನು ಅಳೆದು, ಯಾವ ಪುಟಕ್ಕೆ ಕೈ ತಾಗಿದೆ, ಸುಮಾರು ಯಾವಾಗ ತಾಗಿದೆ ಎಂಬುದನ್ನು ಪುಟಸಾಕ್ಷಿ ಹೇಳುತ್ತಿತ್ತು. ತಾಗಿದ ಪುಟಕ್ಕೆ ಹಸಿರು, ತಾಗದ್ದಕ್ಕೆ ಕೆಂಪು. ಗ್ರಂಥಾಲಯಗಳಲ್ಲಿ ಯಾವ ಪುಸ್ತಕ ನಿಜವಾಗಿ ಓದಿಸಿಕೊಳ್ಳುತ್ತಿದೆ ಎಂದು ತಿಳಿಯುವುದಕ್ಕೆ ಮಾಡಿದ್ದು. ಆದರೆ ಮೊದಲ ಪರೀಕ್ಷೆ ನಡೆದದ್ದು ಅವರ ಮನೆಯಲ್ಲೇ, ಗಂಡ ಇಂದುಧರ ಹೊಸಮನಿಯವರ ಕಪಾಟುಗಳ ಮೇಲೆ.

ಇಂದುಧರ ನಿವೃತ್ತ ಇತಿಹಾಸ ಪ್ರಾಧ್ಯಾಪಕರು. ಪುಸ್ತಕ ಬಿಡುಗಡೆಯ ಸಭೆಗಳಲ್ಲಿ ಅವರಿಲ್ಲದೆ ಎಲೆ ಅಲುಗುತ್ತಿರಲಿಲ್ಲ. ಪುಸ್ತಕ ಕೈ ಸೇರುತ್ತಿದ್ದದ್ದೇ ಸಭೆಯ ಹಿಂದಿನ ದಿನ. ಇವರು ಮುನ್ನುಡಿ ಓದಿ, ಬೆನ್ನುಡಿ ಓದಿ, ಮಧ್ಯೆ ಎಲ್ಲಾದರೂ ಒಂದು ಸಾಲು ಹೆಕ್ಕಿಕೊಂಡು ಒಂದು ತಾಸು ಸೊಗಸಾಗಿ ಮಾತಾಡುತ್ತಿದ್ದರು. ಹಾಗೆ ಬಂದವು, ಆಸೆಪಟ್ಟು ಕೊಂಡವು ಎಲ್ಲ ಸೇರಿ ಪೂರ್ತಿ ಓದದ ಪುಸ್ತಕಗಳು ಮುನ್ನೂರ ನಲವತ್ತಾರು ಎಂದು ಪುಟಸಾಕ್ಷಿ ಲೆಕ್ಕ ಕೊಟ್ಟಿತು. ಅವು ನೂರಕ್ಕೆ ಇಳಿಯುವವರೆಗೆ ಹೊಸದೊಂದು ಪುಸ್ತಕ ಹೊಸ್ತಿಲು ದಾಟಕೂಡದು ಎಂದು ಮನೆಯಲ್ಲಿ ಒಪ್ಪಂದವಾಯಿತು.

ಮೊದಲ ವಾರ ಅವರು ಪುಟಗಳನ್ನು ಹೆಬ್ಬೆರಳಿನಿಂದ ಪರಪರ ಹಾರಿಸಿ ಯಂತ್ರದ ಕಣ್ಣಿಗೆ ಮಣ್ಣೆರಚಲು ನೋಡಿದರು. ಅದು ಹಸಿರೂ ಅಲ್ಲದ ಕೆಂಪೂ ಅಲ್ಲದ ಹಳದಿ ದೀಪ ಹೊತ್ತಿಸಿತು. ಅವಸರದ ಕೈಗೆ ಹಳದಿ ಅಂತ ಮೊದಲೇ ಇಟ್ಟೇನಿ, ನಿಮ್ಮನ್ನ ನೆನಸಿಕೊಂಡ ಇಟ್ಟದ್ದು ಎಂದು ಹೆಂಡತಿ ನಕ್ಕರು. ಆಮೇಲೆ ಬೇರೆ ದಾರಿ ಇರಲಿಲ್ಲ. ಪುಸ್ತಕದಂಗಡಿ ಇರುವ ರಸ್ತೆ ಬಿಟ್ಟು ಸುತ್ತು ಹಾಕಿ ತರಕಾರಿ ತರತೊಡಗಿದರು. ಒಮ್ಮೆ ತಡೆಯಲಾರದೆ ಅಂಗಡಿಯೊಳಗೆ ಹೋಗಿ, ಹೊಸ ಪುಸ್ತಕವೊಂದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ, ಮತ್ತೆ ಅಲ್ಲೇ ಇಟ್ಟು ಬಂದರು. ಅಂಗಡಿಯವನಿಗೆ ಇವರ ಆರೋಗ್ಯದ ಬಗ್ಗೆ ಚಿಂತೆ ಹತ್ತಿತು.

ಆದರೂ ಸುಖವಿತ್ತು. ಸಂಜೆ ಪಡಸಾಲೆಯಲ್ಲಿ ಮಂಡಕ್ಕಿ ಕಲಸಿದ ಗಿರಮಿಟ್ಟಿನ ತಾಟು ಇಟ್ಟುಕೊಂಡು ಕೂತರೆ, ಮೂವತ್ತು ವರ್ಷದಿಂದ ಬೆನ್ನಷ್ಟೇ ತೋರಿಸುತ್ತಿದ್ದ ಪುಸ್ತಕಗಳು ಒಂದೊಂದಾಗಿ ಮಾತಿಗೆ ಬರುತ್ತಿದ್ದವು. ಐದು ತಿಂಗಳಲ್ಲಿ ನಲವತ್ಮೂರು ಮುಗಿದವು.

ನಲವತ್ನಾಲ್ಕನೆಯದು ಕೈಗೆ ಬಂದಾಗ ಇಂದುಧರರ ಮುಖ ಸಣ್ಣದಾಯಿತು. ಅದು ಗೆಳೆಯ ಕಲ್ಲಿನಾಥನ 'ಹಗೇವಿನ ಬೆಳಕು' ಕಾದಂಬರಿ. ಹದಿನೈದು ವರ್ಷದ ಹಿಂದೆ ಇವರೇ ಬಿಡುಗಡೆ ಮಾಡಿ ಮಾತಾಡಿದ್ದರು. ಸಿಕ್ಕವರಿಗೆಲ್ಲ ಅದನ್ನು ಹೊಗಳಿದ್ದರು. ಕಲ್ಲಿನಾಥನ ಎರಡನೆಯ ಕಾದಂಬರಿ ಮುಂದಿನ ತಿಂಗಳು ಬರುವುದಿತ್ತು, ಅದಕ್ಕೂ ಇವರೇ ಮಾತಾಡಬೇಕಿತ್ತು. ದಾಕ್ಷಾಯಿಣಿಯವರು ಪುಟಸಾಕ್ಷಿ ಎಳೆದರು. ಮುನ್ನುಡಿ ಹಸಿರು, ಕೊನೆಯ ಪುಟ ಹಸಿರು, ನಡುವೆಲ್ಲ ಕೆಂಪು. ಪುಸ್ತಕವನ್ನು ಗಂಡನ ಕೈಗಿಟ್ಟರು.

ನಾಚಿಕೆಯಿಂದಲೇ ಓದಲು ಕೂತ ಇಂದುಧರ ಮೂವತ್ತು ಪುಟ ದಾಟುವಷ್ಟರಲ್ಲಿ ನಾಚಿಕೆ ಮರೆತರು. ನಾಗವ್ವ ಎಂಬ ಹೆಣ್ಣುಮಗಳು. ನೆಲದಡಿ ಜೋಳ ತುಂಬಿಡುವ ಗುಂಡಿ, ಹಗೇವು. ಅದನ್ನು ತೆರೆದ ಕೂಡಲೇ ಒಳಗಿಳಿದರೆ ಕೆಟ್ಟ ಗಾಳಿಗೆ ಉಸಿರುಗಟ್ಟಿ ಸಾಯುತ್ತಾರೆ. ತೊಂಬತ್ತಾರನೆಯ ಪುಟದ ಕೊನೆಯಲ್ಲಿ, ಒಳಗೆ ಬಿದ್ದ ತಂಗಿಗಾಗಿ ನಾಗವ್ವ ಹಗ್ಗ ಹಿಡಿದು ಇಳಿದಳು. ಜೀವ ಬಾಯಿಗೆ ಬಂದಂತಾಗಿ ಇಂದುಧರ ಪುಟ ತಿರುವಿದರು.

'ಬೇಸಿಗೆಯಲ್ಲಿ ಕೋಳಿಗಳಿಗೆ ದಿನಕ್ಕೆ ಮೂರು ಬಾರಿ ತಣ್ಣೀರು ಇಡತಕ್ಕದ್ದು' ಎಂದು ತೊಂಬತ್ತೇಳನೆಯ ಪುಟ ಶುರುವಾಗಿತ್ತು.

ಹದಿನಾರು ಪುಟ ಬರೀ ಕೋಳಿ ಸಾಕಣೆ. ನೂರ ಹದಿಮೂರರಲ್ಲಿ ನಾಗವ್ವ ಮೇಲೆ ಬಂದಾಗಿತ್ತು, ಯಾರೊಡನೆಯೂ ಮಾತಾಡುತ್ತಿರಲಿಲ್ಲ. ದೊಡ್ಡ ಹಾಳೆಯೊಂದರಲ್ಲಿ ಹದಿನಾರು ಪುಟ ಒಟ್ಟಿಗೆ ಅಚ್ಚು ಮಾಡಿ ಮಡಚಿದ್ದಕ್ಕೆ ಅಚ್ಚುಮನೆಯವರು ಫಾರಂ ಎನ್ನುತ್ತಾರೆ. ಏಳನೆಯ ಫಾರಂ ಬೇರೊಂದು ಪುಸ್ತಕದ್ದು ಸೇರಿಬಿಟ್ಟಿತ್ತು.

ತಮ್ಮ ಪ್ರತಿಯಲ್ಲಷ್ಟೇ ತಪ್ಪಿರಬಹುದೆಂದು ಅವರು ಪುಟಸಾಕ್ಷಿ ಹಿಡಿದು ಊರಿನ ಮೂರು ಗ್ರಂಥಾಲಯ ಸುತ್ತಿದರು. ಮೂರರಲ್ಲೂ ಕೋಳಿಗಳಿದ್ದವು. ಒಂದು ಪ್ರತಿ ಒಂಬತ್ತು ಸಲ ಮನೆಗಳಿಗೆ ಹೋಗಿ ಬಂದಿತ್ತು. ಮೂರರಲ್ಲೂ ಇಪ್ಪತ್ತನೆಯ ಪುಟದಾಚೆ ಕೆಂಪೇ. ಆ ಕಾದಂಬರಿಗೆ ಒಂದು ಬಹುಮಾನ ಬಂದಿತ್ತು. ಬಹುಮಾನ ಕೊಟ್ಟವರು ಕೊಟ್ಟ ಕಾರಣ, ನಾಗವ್ವ ಹಗೇವಿನೊಳಗಿದ್ದ ಪ್ರಸಂಗ. ಇಂದುಧರ ಕೂಡ ಸಭೆಯಲ್ಲಿ ಅದನ್ನೇ ಕೊಂಡಾಡಿದ್ದರು. ಮುನ್ನುಡಿಯಲ್ಲಿ ಹಾಗೆ ಬರೆದಿತ್ತು.

ಮನೆಗೆ ಬಂದು ಅವರು ಊಟ ಮಾಡಲಿಲ್ಲ. ಹೇಳಿದರೆ ತಾನು ಓದಿರಲಿಲ್ಲ ಎಂದು ಒಪ್ಪಿದಂತಾಗುತ್ತದೆ, ನಲವತ್ತು ವರ್ಷದ ಗೆಳೆತನ ಮುರಿಯಬಹುದು. ಹೇಳದಿದ್ದರೆ ಮುಂದಿನ ತಿಂಗಳು ಮತ್ತೆ ಅದೇ ವೇದಿಕೆ, ಅದೇ ಹೊಗಳಿಕೆ. ನಿನ್ನ ಯಂತ್ರ ಏನು ಹೇಳುತ್ತದೆ ಎಂದು ಹೆಂಡತಿಯನ್ನು ಕೇಳಿದರು.

"ಅದು ಕೈ ತಾಕೇದೋ ಇಲ್ಲೋ ಅಷ್ಟ ಹೇಳ್ತದ್ರಿ" ಎಂದರು ದಾಕ್ಷಾಯಿಣಿ. "ಬಾಯಿ ಬಿಡೂದು ನಿಮ್ಮ ಕೆಲಸ."

ಮರುದಿನ ಬೆಳಿಗ್ಗೆ ಇಂದುಧರ ಮಾಳಮಡ್ಡಿಯ ಕಲ್ಲಿನಾಥನ ಮನೆಗೆ ಹೋದರು. ಗೆಳೆಯ ಅಂಗಳದಲ್ಲಿ ಕೂತು ಹೊಸ ಕಾದಂಬರಿಯ ಅಚ್ಚಿನ ಹಾಳೆ ತಿದ್ದುತ್ತಿದ್ದ. ಇವರು ಚಹಾ ಬರುವವರೆಗೂ ಕಾಯಲಿಲ್ಲ.

"ಕಲ್ಲ್ಯಾ, ತೊಂಬತ್ತೇಳನೇ ಪುಟದಾಗ ಕೋಳಿ ಬಂದಾವಲ್ಲೋ" ಎಂದರು.

ಕಲ್ಲಿನಾಥನ ಕೈಯಲ್ಲಿದ್ದ ಪೆನ್ನು ನಿಂತಿತು.

"ಹದಿನೈದು ವರ್ಷ ಆತು" ಎಂದ. "ಯಾವಾಗರೆ ಒಬ್ಬಾಂವ ಬಂದು ಕೋಳಿ ಸುದ್ದಿ ಕೇಳ್ತಾನಂತ ಕಾಯ್ಕೋತ ಕುಂತಿದ್ದೆ."

ಅವನಿಗೆ ಬಿಡುಗಡೆಯ ದಿನ ಬೆಳಿಗ್ಗೆಯೇ ತಪ್ಪು ಗೊತ್ತಾಗಿತ್ತಂತೆ. ಸಭೆಯ ಕೊನೆಗೆ ಎದ್ದು ಕ್ಷಮೆ ಕೇಳಿ, ಬಿಟ್ಟುಹೋದ ಪುಟಗಳನ್ನು ಎಲ್ಲರಿಗೂ ಅಂಚೆಯಲ್ಲಿ ಕಳಿಸುತ್ತೇನೆ ಎನ್ನುವವನಿದ್ದ. ಅಷ್ಟರಲ್ಲಿ ಇಂದುಧರ ಮಾತಿಗೆ ನಿಂತರು.

"ಹಗೇವಿನ ಪ್ರಸಂಗ ಓದಿ ನಿದ್ದಿ ಬರಲಿಲ್ಲ ಅಂದಿ ನೀನು. ಮಂದಿ ಚಪ್ಪಾಳಿ ತಟ್ಟಿದ್ರು. ಆಮ್ಯಾಲೆ ನಾ ಹೆಂಗ ಹೇಳ್ಲೋ, ಆ ಪ್ರಸಂಗ ಪುಸ್ತಕದಾಗ ಇಲ್ಲಂತ?"

ತಮ್ಮ ಮಾತಿನಿಂದ ಯಾರಿಗೂ ಕೇಡಾಗಿಲ್ಲ ಎಂದೇ ಇಂದುಧರ ಈವರೆಗೆ ತಿಳಿದಿದ್ದರು. ತಪ್ಪಾಯಿತು ಎಂದರು.

ಕಲ್ಲಿನಾಥ ಒಳಗೆ ಹೋಗಿ ಟ್ರಂಕಿನಿಂದ ಬಿಟ್ಟುಹೋಗಿದ್ದ ಆ ಹದಿನಾರು ಪುಟದ ಫಾರಂ ತಂದು ಕೊಟ್ಟ. ಇಂದುಧರ ಅಲ್ಲೇ ಅಂಗಳದಲ್ಲಿ ಕೂತು ಓದಿದರು. ತಂಗಿಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿ, ಕತ್ತಲಲ್ಲಿ ಜೋಳದ ಮೇಲೆ ಒಬ್ಬಳೇ ಕೂತ ನಾಗವ್ವನ ಹತ್ತಿರ ಬಂದಾಗ ಅವರ ಕಣ್ಣು ತುಂಬಿತು. ಕಲ್ಲಿನಾಥ ಹಾಳೆ ತಿದ್ದುವುದು ಬಿಟ್ಟು, ಓದುತ್ತಿದ್ದವರ ಮುಖ ನೋಡುತ್ತಾ ಕೂತಿದ್ದ. ಅಷ್ಟು ಸಂತೋಷ ಅವನ ಮುಖದಲ್ಲಿ ಬಹುಮಾನ ಬಂದ ದಿನವೂ ಇರಲಿಲ್ಲ.

ಪುಟಸಾಕ್ಷಿಯ ಲೆಕ್ಕ, ಮನೆಯ ಒಪ್ಪಂದ ಎಲ್ಲ ಹೇಳಿ ಹೊರಡುವಾಗ ಇಂದುಧರ ಹೊಸ ಕಾದಂಬರಿಯ ಕಟ್ಟಿಗೆ ಕೈ ಚಾಚಿದರು. ಕಲ್ಲಿನಾಥ ಅದನ್ನು ತನ್ನ ಕಡೆ ಎಳೆದುಕೊಂಡ.

"ಮನ್ಯಾಗ ಇನ್ನೂ ಎಷ್ಟು ಉಳದಾವ?"

ಮುನ್ನೂರಾ ಎರಡು ಎಂದರು ಇಂದುಧರ.

"ಅಂದ್ರ ಅಷ್ಟು ಮಂದಿ ಕಾಯಾಕತ್ತಾರ. ನಾ ಪಾಳಿ ಹಚ್ತೇನಿ, ಬಿಡು."

ಬಿಡುಗಡೆ ಮುಂದಕ್ಕೆ ಹೋಯಿತು. ಇಂದುಧರ ಕಪಾಟಿನ ಕೆಳಗಿನ ಸಾಲಿನಿಂದ ಮುಂದಿನ ಪುಸ್ತಕ ತೆಗೆದರು. ಮಂಡ್ಯದ ಶಾಲಾ ಶಿಕ್ಷಕಿಯೊಬ್ಬರ ಕತೆಗಳು, 2026ರಲ್ಲಿ ಅಚ್ಚಾದದ್ದು. ಮೂರು ದಿನದಲ್ಲಿ ಮುಗಿಸಿದರು. ಕನ್ನಡದ ಎಷ್ಟೋ ಪುಸ್ತಕಗಳಲ್ಲಿ ಇರುವಂತೆ ಲೇಖಕಿಯ ಮಾತಿನ ಕೆಳಗೆ ವಿಳಾಸ, ಫೋನ್ ನಂಬರು ಇದ್ದವು. ಮೂವತ್ತೆರಡು ವರ್ಷ ಹಳೆಯ ನಂಬರು, ಯಾರು ಎತ್ತುತ್ತಾರೆ ಎಂದುಕೊಂಡೇ ಒತ್ತಿದರು.

ಏಳೆಂಟು ಸಲ ರಿಂಗಾದ ಮೇಲೆ ವಯಸ್ಸಾದ ಹೆಂಗಸಿನ ದನಿ ಯಾರು ಎಂದು ಕೇಳಿತು. ಇವರು ತಮ್ಮ ಹೆಸರು ಹೇಳಿ, ನಿಮ್ಮ ಕತೆಗಳನ್ನು ಪೂರ್ತಿ ಓದಿದೆ, ಅದಕ್ಕೇ ಫೋನು ಮಾಡಿದೆ ಎಂದರು. ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿತು.

"ಒಂದ್ನಿಮಿಷ ಇರಿ, ಕೂತ್ಕೋತೀನಿ" ಎಂದರು ಆಕೆ. "ಹ್ಞೂ, ಈಗ ಹೇಳಿ."