ಬಲಬದಿಯ ಕೆಳಮೂಲೆ

ಮೇ ತಿಂಗಳ 14ನೇ ತಾರೀಕು, ಗುರುವಾರ, ಸಂಜೆ 5 ಗಂಟೆ 40 ನಿಮಿಷಕ್ಕೆ ಕಲಾ ಸಂಗ್ರಹಾಲಯದ ನಿರ್ದೇಶಕರು ಠಾಣೆಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಎರಡು ಪುಟದ ದೂರು ಟೈಪಾಗಿ ಸಿದ್ಧವಾಗಿತ್ತು. ಮೂರನೇ ಗ್ಯಾಲರಿಯ ‘ಬಟ್ಟೆ ಒಣಹಾಕುವ ಹೆಂಗಸು’ ಎಂಬ ತೈಲಚಿತ್ರದ ಮೇಲಿದ್ದ ಹಿರಿಯ ಕಲಾವಿದರ ಸಹಿಯನ್ನು ಯಾರೋ ಹೆರೆದು ತೆಗೆದಿದ್ದಾರೆ ಎಂಬುದು ದೂರಿನ ಸಾರ. ಮೊದಲ ಪುಟದಲ್ಲಿ ಯಾರೋ ಎಂದಿತ್ತು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಆ ಯಾರೋ, ಬೇಸಿಗೆ ಶಿಬಿರದ ಹದಿನಾರು ವರ್ಷದ ಹುಡುಗಿಯಾಗಿಬಿಟ್ಟಿದ್ದಳು.

ದೂರನ್ನು ಬರೆದುಕೊಳ್ಳಬೇಕಾದ ಸ್ಟೇಷನ್ ರೈಟರ್‌ಗೆ ಒಂದು ಸಂಗತಿ ಬಗೆಹರಿಯಲಿಲ್ಲ.

“ಚಿತ್ರ ಇದೆಯಾ ಸರ್?”

“ಇದೆ.”

“ಸಹಿ ಮಾತ್ರ ಹೋಗಿದೆ.”

“ಸಹಿ ಹೋದಮೇಲೆ ಇನ್ನೇನು ಉಳೀತು ರೀ?” ಎಂದರು ನಿರ್ದೇಶಕರು.

ಎದುರು ಕುಳಿತಿದ್ದ ಇನ್‌ಸ್ಪೆಕ್ಟರ್ ತಲೆಯೆತ್ತಿ ನೋಡಿದಳು. ಈ ಠಾಣೆಗೆ ಬಂದು ಎಂಟು ತಿಂಗಳಾಗಿದ್ದರೂ ಆಕೆಯ ದನಿ ಅರ್ಧ ಸಿಬ್ಬಂದಿಗೆ ಪರಿಚಯವಿರಲಿಲ್ಲ. ಮಾತು ಕಡಿಮೆ. ಕೇಳುವುದನ್ನು ಒಂದೇ ಸಲ, ಮೆಲ್ಲಗೆ ಕೇಳುತ್ತಿದ್ದಳು. ಆಕೆಯ ಟಿಪ್ಪಣಿ ಪುಸ್ತಕದಲ್ಲಿ ಆ ದಿನ ನಿರ್ದೇಶಕರ ಆ ಒಂದು ವಾಕ್ಯ ಮಾತ್ರ ಇತ್ತು.

ಸಂಜೆ 6.30ಕ್ಕೆ ಎಫ್‌ಐಆರ್ ದಾಖಲಾಯಿತು. ನಿರ್ದೇಶಕರು ಹೋದಮೇಲೆ ರೈಟರ್ ಕನ್ನಡಕ ಒರೆಸಿಕೊಂಡರು. “ಮೂವತ್ತು ವರ್ಷದಲ್ಲಿ ಇನ್ನೊಬ್ಬರ ಸಹಿ ಹಾಕಿದೋರನ್ನ ಬೇಕಾದಷ್ಟು ಹಿಡಿದಿದ್ದೀನಿ ಮೇಡಂ. ತೆಗೆದೋರು ಇವರೇ ಮೊದಲು. ಯಾವ ಕಲಂ ಹಾಕೋದು ಅಂತಲೇ ತಲೆ ಓಡ್ತಿಲ್ಲ.”

ಮರುದಿನ, 15ನೇ ತಾರೀಕು ಶುಕ್ರವಾರ ಬೆಳಿಗ್ಗೆ 9.10ಕ್ಕೆ ಇಬ್ಬರು ಪಂಚರ ಸಮ್ಮುಖದಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಚಿತ್ರದಲ್ಲಿ ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ, ತುದಿಗಾಲಲ್ಲಿ ನಿಂತು, ತಂತಿಯ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದಳು. ಬಲಬದಿಯ ಕೆಳಮೂಲೆಯಲ್ಲಿ ಎರಡು ಬೆರಳಗಲ ಬಣ್ಣ ತೆಳುವಾಗಿ ಮಾಸಲು ಮಚ್ಚೆಯಾಗಿತ್ತು. ಕ್ಯಾನ್‌ವಾಸು ಹರಿದಿರಲಿಲ್ಲ. ಸಿಟ್ಟಿನಲ್ಲಿ ಗೀಚಿದ ಹಾಗಿರಲಿಲ್ಲ, ಗಾಯದ ಹಕ್ಕಳೆಯನ್ನು ನೋವಾಗದಂತೆ ಬಿಡಿಸಿದ ಹಾಗಿತ್ತು. ಚೌಕಟ್ಟಿನ ಕೆಳಗೆ ಹಿತ್ತಾಳೆ ಫಲಕದಲ್ಲಿ ಕಲಾವಿದರ ಹೆಸರು, ಇಸವಿ, ಅದರಡಿ ‘ರೂಪದರ್ಶಿ: ಅಪರಿಚಿತೆ’ ಎಂಬ ಸಾಲು.

ಕ್ಯಾಟಲಾಗಿಗೆ ಫೋಟೊ ತೆಗೆಯಲು ಗುರುವಾರ ಬಂದವನು ಕೇಳಿದಮೇಲೆಯೇ ಸಹಿ ಇಲ್ಲದ್ದು ಎಲ್ಲರಿಗೂ ಗೊತ್ತಾದದ್ದು. ಗ್ಯಾಲರಿ ಕಾವಲುಗಾರನನ್ನು ಶಿಬಿರದ ಮಕ್ಕಳು ಸ್ಟೂಲ್ ತಾತ ಎನ್ನುತ್ತಿದ್ದರು. ಗುರುವಾರ ಮಧ್ಯಾಹ್ನ 3ರಿಂದ 3.20ರವರೆಗೆ ತಾನು ಟೀ ಕುಡಿಯಲು ಹೋಗಿದ್ದಾಗಿಯೂ, ಆಗ ಚಿತ್ರದ ಮುಂದೆ ಆ ಹುಡುಗಿಯೊಬ್ಬಳೇ ಸುಮ್ಮನೆ ನೋಡುತ್ತ ನಿಂತಿದ್ದಳೆಂದೂ ಅವನು ಹೇಳಿಕೆ ಕೊಟ್ಟ.

“ಅದಕ್ಕೆ ಮುಂಚೆ ಸಹಿ ಇತ್ತಾ?”

“ನನ್ನ ಸ್ಟೂಲು ಬಾಗಿಲ ಕಡೆ ಮುಖ ಮಾಡಿದೆ ತಾಯಿ. ನಾನು ಕಾಯೋದು ಜನರನ್ನ. ಚಿತ್ರ ಎಲ್ಲಿಗೂ ಎದ್ದು ಹೋಗಲ್ವಲ್ಲ.”

ಹುಡುಗಿ ಇದೇ ಸಂಗ್ರಹಾಲಯದಲ್ಲಿ ನೆಲ ಒರೆಸುವಾಕೆಯ ಮಗಳು. ಪ್ರತಿ ಬೇಸಿಗೆಯಲ್ಲೂ ಆರು ವಾರ ಇಲ್ಲಿ ಶಿಬಿರ. ಬೆಳಿಗ್ಗೆ ಚಿಕ್ಕ ಮಕ್ಕಳು, ಭಾನುವಾರ ಅಪ್ಪ ಅಮ್ಮ ಅಜ್ಜಿ ಸಮೇತ ಮನೆಮಂದಿ, ಮಧ್ಯಾಹ್ನ ಹದಿಹರೆಯದವರು. ಈ ದೊಡ್ಡ ಮಕ್ಕಳು ಒಬ್ಬೊಬ್ಬರೂ ಗ್ಯಾಲರಿಯ ಒಂದೊಂದು ಚಿತ್ರದ ಮುಂದೆ ಕೂತು ಅದರ ನಕಲು ಬರೆಯಬೇಕು. ಸಿಬ್ಬಂದಿಯ ಮಕ್ಕಳಿಗೆಂದು ಇದ್ದ ಒಂದೇ ಜಾಗ ಈ ಸಲ ಇವಳಿಗೆ ಸಿಕ್ಕಿತ್ತು. ಈ ತಿಂಗಳ 25ಕ್ಕೆ ಕಲಾಶಾಲೆಯ ಸಂದರ್ಶನ. ಶಿಬಿರದ ಪ್ರಮಾಣಪತ್ರ ಮತ್ತು ಕೈಯಾರೆ ಬರೆದ ಒಂದು ತೈಲಚಿತ್ರ ತಂದವರಿಗೆ ಮಾತ್ರ ಒಳಗೆ ಪ್ರವೇಶ. ನಿರ್ದೇಶಕರು ಗುರುವಾರ ರಾತ್ರಿಯೇ ಪ್ರಮಾಣಪತ್ರ ತಡೆಹಿಡಿದು, ತಾಯಿಗೆ ತನಿಖೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದಿದ್ದರು.

ಅಪ್ರಾಪ್ತೆಯನ್ನು ಠಾಣೆಗೆ ಕರೆಸುವಂತಿರಲಿಲ್ಲ. 11.30ಕ್ಕೆ ಶಿಬಿರದ ಕೋಣೆಯಲ್ಲೇ, ತಾಯಿಯ ಪಕ್ಕದಲ್ಲಿ ಕೂರಿಸಿ ವಿಚಾರಣೆ. ಆ ದಿನ ಇನ್‌ಸ್ಪೆಕ್ಟರ್ ಸಮವಸ್ತ್ರ ತೊಟ್ಟಿರಲಿಲ್ಲ. ಕೋಣೆಯ ತುಂಬ ಒಣಗುವ ಬಣ್ಣದ ವಾಸನೆ, ಗೋಡೆಗೆ ಪುಟ್ಟ ಕೈಗಳ ಅಚ್ಚು. ಶಿಬಿರದ ಟೀಚರ್ ಮೂಲೆಯ ಸಿಂಕಿನಲ್ಲಿ ಕುಂಚ ತೊಳೆಯುತ್ತಿದ್ದರು. ಇಪ್ಪತ್ತಾರು ಬೇಸಿಗೆಗಳಿಂದ ಶಿಬಿರ ನಡೆಸುತ್ತಿರುವವರು, ಐವತ್ತೇಳು ವರ್ಷ. ಅವರು ಅಲ್ಲಿರುವುದಕ್ಕೆ ಯಾರೂ ಆಕ್ಷೇಪಿಸಲಿಲ್ಲ, ತಾಯಿಗಂತೂ ಅದೇ ಧೈರ್ಯ.

“ನಿನ್ನ ಪೆನ್ಸಿಲ್ ಡಬ್ಬಿಯಲ್ಲಿ ಬ್ಲೇಡ್ ಸಿಕ್ಕಿದೆಯಂತೆ. ಯಾಕಿತ್ತು?”

“ಪೆನ್ಸಿಲ್ ಹೆರೆಯೋಕೆ. ಮೆಂಡರ್‌ನಲ್ಲಿ ಮೊನೆ ಉದ್ದ ಬರಲ್ಲ.”

“ಸಹಿ ನೀನು ತೆಗೆದೆಯಾ?”

“ಇಲ್ಲ.”

“ಯಾರು ತೆಗೆದರು ಗೊತ್ತಾ?”

ಹುಡುಗಿ ಬಾಯಿ ತೆರೆದಳು. ಕಣ್ಣು ಸಿಂಕಿನ ಕಡೆ ಹೋಯಿತು. ಅಲ್ಲಿ ನೀರು ಒಂದೇ ಸಮನೆ ಬೀಳುತ್ತಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

“ಹೇಳೇ, ಮಹಾರಾಯ್ತಿ,” ಎಂದಳು ತಾಯಿ. “ನಿನ್ನ ಬಣ್ಣದ ಹುಚ್ಚಿಗೆ ನನ್ನ ಕೆಲಸ ಹೋಯ್ತು. ಮಾಡಿದ್ರೆ ಮಾಡಿದೆ ಅಂದುಬಿಡು. ಕಾಲು ಹಿಡ್ಕೊಳ್ಳೋಣ.”

“ಮಾಡಿಲ್ಲಮ್ಮ.”

ಹುಡುಗಿ ಹೇಗೆ ಎಂದು ಇನ್‌ಸ್ಪೆಕ್ಟರ್ ಟೀಚರನ್ನು ಕೇಳಿದಳು. ನಲ್ಲಿ ನಿಲ್ಲಿಸದೆ, ಮುಖ ತಿರುಗಿಸದೆ ಅವರು ಒಂದು ಮಾತು ಹೇಳಿದರು: “ಕೈ ಚೆನ್ನಾಗಿದೆ.”

ತಾಯಿ ಮಗಳು ಹೋದಮೇಲೆ ಇನ್‌ಸ್ಪೆಕ್ಟರ್ ಒಬ್ಬಳೇ ವರಾಂಡದಲ್ಲಿ ನಡೆದಳು. ಭಾನುವಾರದ ಸಮಾರೋಪ ಪ್ರದರ್ಶನಕ್ಕೆ ಮಕ್ಕಳ ಚಿತ್ರಗಳನ್ನು ನೇತುಹಾಕಿದ್ದರು. ಹತ್ತೊಂಬತ್ತು ಚಿತ್ರ ಗೋಡೆಯ ಮೇಲೆ. ಇಪ್ಪತ್ತನೆಯದು ನೆಲದ ಮೇಲೆ, ಗೋಡೆಗೆ ಮುಖ ಮಾಡಿ. ಶಿಕ್ಷೆಗೆ ನಿಲ್ಲಿಸಿದ ಹಾಗೆ.

ಅದರ ಬೆನ್ನ ಮೇಲೆ ಪೆನ್ಸಿಲ್ಲಿನ ಬರಹವಿತ್ತು. ಇದು ಟೀಚರ್ ಹಾಕಿಕೊಟ್ಟ ಕ್ರಮ. ಚಿತ್ರವನ್ನು ಹನ್ನೆರಡು ಚೌಕ ಮಾಡುವುದು, ರಟ್ಟಿನಲ್ಲಿ ಕತ್ತರಿಸಿದ ಕಿಟಕಿಯೊಂದನ್ನು ಕಣ್ಣೆದುರು ಹಿಡಿದು ದಿನಕ್ಕೆ ಒಂದೇ ಚೌಕ ನೋಡುವುದು, ಅದನ್ನಷ್ಟೇ ಬರೆಯುವುದು, ಏಳುವ ಮುಂಚೆ ಹಿಂಬದಿಯಲ್ಲಿ ತಾರೀಕು ಹಾಕುವುದು. ‘ಗೊತ್ತಿರುವುದನ್ನು ಬರೆಯಬೇಡಿ, ಕಂಡಿದ್ದನ್ನು ಬರೆಯಿರಿ’ ಎಂದು ಕೋಣೆಯ ಬಾಗಿಲ ಮೇಲೆ ದಪ್ಪಕ್ಷರದಲ್ಲಿತ್ತು. ಮಕ್ಕಳು ತಮ್ಮ ಹೆಸರು ಬರೆಯುವಂತಿರಲಿಲ್ಲ. ಮೂಲದ ಸಹಿಯನ್ನು ನಕಲಿಸುವಂತೆಯೂ ಇರಲಿಲ್ಲ.

ಕೊನೆಯ ಸಾಲು: ‘ಮೇ 12, ಮಂಗಳವಾರ. ಹನ್ನೆರಡನೇ ಚೌಕ. ಬಲಬದಿ ಕೆಳಮೂಲೆ.’

ಇನ್‌ಸ್ಪೆಕ್ಟರ್ ಚಿತ್ರವನ್ನು ತಿರುಗಿಸಿದಳು. ಹೆಂಗಸು, ತಂತಿ, ಬಟ್ಟೆಯಿಂದ ಹನಿಯುವ ನೀರು, ಎಲ್ಲ ಇದ್ದಲ್ಲೇ ಇದ್ದವು. ಬಲಬದಿಯ ಕೆಳಮೂಲೆಯಲ್ಲಿ ಎರಡು ಬೆರಳಗಲ ಮಾಸಲು ಮಚ್ಚೆಯೂ ಇತ್ತು. ಹುಡುಗಿ ಅದನ್ನೂ ಬಿಡದೆ, ಬಣ್ಣ ಬೆರೆಸಿ ಬರೆದಿದ್ದಳು.

ಅಂದರೆ ಗುರುವಾರಕ್ಕೆ ಎರಡು ದಿನ ಮೊದಲೇ ಸಹಿ ಹೋಗಿತ್ತು. ಮಂಗಳವಾರ, ಬುಧವಾರ ನೂರಾರು ಜನ ಆ ಚಿತ್ರದ ಮುಂದೆ ನಿಂತು ಹೋಗಿದ್ದರು. ಎಲ್ಲರೂ ಹಿತ್ತಾಳೆ ಫಲಕ ಓದಿಕೊಂಡು ಮುಂದಿನ ಚಿತ್ರಕ್ಕೆ ಹೋಗಿದ್ದರು.

ಮಧ್ಯಾಹ್ನ 2ಕ್ಕೆ ಆಕೆ ಹುಡುಗಿಯ ಮನೆಗೆ ಹೋದಳು. ಒಂದೇ ಕೋಣೆಯ ಮನೆ. ಕಿಟಕಿಯ ಕೆಳಗೆ ಮಡಿಸಿಟ್ಟ ಸಂಗ್ರಹಾಲಯದ ನೀಲಿ ಏಪ್ರನ್.

“ಮಂಗಳವಾರವೇ ಮಚ್ಚೆ ನೋಡಿದ್ದೆ. ಬೆಳಿಗ್ಗೆ ಯಾಕೆ ಹೇಳಲಿಲ್ಲ?”

“ಅವತ್ತೇ ಟೀಚರಿಗೆ ಹೇಳಿದ್ದೆ. ‘ಕಂಡಿದ್ದನ್ನ ಬರಿ’ ಅಂದ್ರು, ಬರೆದೆ.” ಹುಡುಗಿ ಎಡಗೈಯ ಉಗುರಿನಿಂದ ಬಣ್ಣ ಕೀಳುತ್ತಿದ್ದಳು. “ಬೆಳಿಗ್ಗೆ ಅವರು ಅಲ್ಲೇ ಇದ್ರಲ್ಲ ಮೇಡಂ. ಅವರೇ ಹೇಳ್ತಾರೆ ಅಂದ್ಕೊಂಡೆ.”

ಆಮೇಲಿನದೆಲ್ಲ ಬಿಡದೆ ಹುಡುಕುವ ಕೆಲಸ. 10ನೇ ತಾರೀಕು ಭಾನುವಾರ ಬಂದ ಅರವತ್ತಮೂರು ಮನೆಗಳಿಗೆ ರೈಟರ್ ಒಂದಾದಮೇಲೊಂದು ಫೋನು ಮಾಡಿದರು. ಅಂದಿನ ಫೋಟೊಗಳನ್ನು ತರಿಸಿದರು. ಮೂಗಿಗೆ ಹಳದಿ ಬಳಿದುಕೊಂಡ ಮಗು, ಬೇಜಾರಾಗಿ ಆಕಳಿಸುವ ಅಪ್ಪ, ಚಿತ್ರಕ್ಕೆ ಅಡ್ಡ ನಿಂತ ದಪ್ಪನೆಯ ಸೋದರಮಾವ. “ಈ ಮಾವ ಒಬ್ಬರು ಪಕ್ಕಕ್ಕೆ ಸರಿದಿದ್ರೆ ನಮ್ಮ ಕೇಸು ಮುಗೀತಿತ್ತು ಮೇಡಂ,” ಎಂದರು ರೈಟರ್. ಮೂವತ್ತೆಂಟನೇ ಮನೆಯ ಫೋಟೊದಲ್ಲಿ ಸಹಿ ಸಿಕ್ಕಿತು. ಸಮಯ ಸಂಜೆ 4.12. ಯಾವುದೋ ಮಗುವಿನ ಕಿವಿಯ ಪಕ್ಕದಲ್ಲಿ ಸಹಿಯ ಐದೂ ಅಕ್ಷರ ಸ್ಪಷ್ಟ.

ಭಾನುವಾರ ಸಂಜೆ ಇತ್ತು. ಮಂಗಳವಾರ ಮಧ್ಯಾಹ್ನ ಇರಲಿಲ್ಲ. ನಡುವಿನ ಸೋಮವಾರ ಸಂಗ್ರಹಾಲಯಕ್ಕೆ ರಜೆ. ಕಾವಲು ಕೋಣೆಯ ಬೀಗದಕೈ ಪುಸ್ತಕದಲ್ಲಿ ಆ ದಿನ ಒಂದೇ ಒಂದು ನಮೂದು: ಬೆಳಿಗ್ಗೆ 10.05ಕ್ಕೆ ಗೊಂಚಲು ಒಯ್ದದ್ದು, 11.20ಕ್ಕೆ ಮರಳಿಸಿದ್ದು. ಕಾರಣ, ‘ಉಗ್ರಾಣದಿಂದ ಸ್ಟ್ಯಾಂಡುಗಳು.’ ಎಡಕ್ಕೆ ವಾಲಿದ ಸಹಿ. ಟೀಚರದು.

ನಕಲು ಚಿತ್ರವನ್ನು ಶುಕ್ರವಾರ ಸಂಜೆ 6.15ಕ್ಕೆ ಪಂಚರ ಮುಂದೆ ಜಪ್ತಿ ಮಾಡಲಾಯಿತು. ಮುದ್ದೆಮಾಲು ಸಂಖ್ಯೆ 3.

ಶನಿವಾರ ಬೆಳಿಗ್ಗೆ 8.45. ಟೀಚರ್ ಅದೇ ಸಿಂಕಿನ ಮುಂದೆ ಇದ್ದರು. ತೊಳೆಯಲು ಕುಂಚ ಒಂದೂ ಉಳಿದಿರಲಿಲ್ಲ.

“ಸೋಮವಾರ ಮೂರನೇ ಗ್ಯಾಲರಿಗೆ ಹೋಗಿದ್ರಾ?”

“ಹೋಗಿದ್ದೆ.”

“ಯಾಕೆ?”

ಟೀಚರ್ ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡರು. “ನನ್ನ ಚಿತ್ರ ನೋಡೋಕೆ.”

ಮುಂದಿನದನ್ನು ಅವರು ತಡೆಯಿಲ್ಲದೆ, ಯಾರದೋ ಕತೆ ಹೇಳಿದಂತೆ ಹೇಳಿದರು. ಹಿರಿಯ ಕಲಾವಿದರ ಮನೆಯಲ್ಲಿ ಟೀಚರ ತಾಯಿ ಬಟ್ಟೆ ಒಗೆಯುತ್ತಿದ್ದಳು. ಮಗಳ ಕೈ ನೋಡಿ ಕಲಾವಿದರು ಬಣ್ಣ ಅರೆಯಲು ಇಟ್ಟುಕೊಂಡರು, ಕಲಿಸಿದರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಆಕೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ತಾಯಿಯನ್ನು ಬರೆದಳು. ಪ್ರದರ್ಶನಕ್ಕೆ ಒಂದು ಚಿತ್ರ ಕಡಿಮೆ ಬಿದ್ದಿತ್ತು. ಕಲಾವಿದರು ಮೂಲೆಯಲ್ಲಿ ಸಹಿ ಮಾಡಿದರು. ಅದೇ ಅವರ ಅತಿ ಹೆಸರಾದ ಚಿತ್ರವಾಯಿತು. ಅವರು ತೀರಿಕೊಂಡಮೇಲೆ ಸಂಗ್ರಹಾಲಯ ಅದನ್ನು ಕೊಂಡಾಗ, ಅದರ ಹತ್ತಿರ ಇರಬಹುದೆಂದು ಟೀಚರ್ ಶಿಬಿರದ ಕೆಲಸಕ್ಕೆ ಸೇರಿದರು. ತಾಯಿ ಒಂದು ಸಲ ಬಂದು, ಫಲಕ ಓದಲು ಬಾರದೆ, ತನ್ನ ಬೆನ್ನನ್ನು ನೋಡಿ ನಕ್ಕು ಹೋಗಿದ್ದಳು. ಇಪ್ಪತ್ತಾರು ಬೇಸಿಗೆ ಬೇರೆಯವರ ಮಕ್ಕಳಿಗೆ ಅದನ್ನು ‘ಹಿರಿಯರ ಚಿತ್ರ’ ಎಂದು ತೋರಿಸಿ ನಕಲು ಮಾಡಿಸಿದ್ದಾಯಿತು.

ಈ ಸಲ ಹನ್ನೊಂದನೇ ಚೌಕದ ದಿನ ಆ ಹುಡುಗಿ ಕೇಳಿದ್ದಳು: ಟೀಚರ್, ಇದನ್ನ ಬರೆದೋರು ಎಡಚರಲ್ವಾ? ಗೀಟೆಲ್ಲ ನನ್ನ ಎಡಗೈ ಹೋಗೋ ಕಡೆಗೇ ಹೋಗ್ತಿದೆ. ಹಿರಿಯ ಕಲಾವಿದರು ಬಲಗೈಯವರು, ಅವರ ಫೋಟೊ ಬಾಗಿಲಲ್ಲೇ ಇತ್ತು.

“ಮೂವತ್ತೆಂಟು ವರ್ಷದಲ್ಲಿ ಯಾರಿಗೂ ಕಾಣಲಿಲ್ಲ,” ಎಂದರು ಟೀಚರ್. “ಮರುದಿನ ನಿರ್ದೇಶಕರು ಮನೆಮಂದಿಯನ್ನೆಲ್ಲ ನಿಲ್ಲಿಸಿಕೊಂಡು ಹಿರಿಯರ ಗುಣಗಾನ ಮಾಡಿದ್ರು. ಮುಂದಿನ ವರ್ಷದಿಂದ ಶಿಬಿರ ಬೇರೆಯವರಿಗೆ ಅಂತಲೂ ಹೇಳಿದ್ರು. ಅದೂ ಅಲ್ಲೇ, ಅವಳ ಮುಂದೆ. ನಮ್ಮಮ್ಮನ ಮುಂದೆ. ಸೋಮವಾರ ಚಾಕು ತಗೊಂಡು ಹೋದೆ.”

“ಅವರು ಕದ್ದರು ಅಂತೀರಾ?”

“ಕದ್ದರು ಅಂತ ಏನು ಹೇಳ್ಲಿ. ಸಹಿ ಹಾಕಿದ್ರು, ಜನ ಹೊಗಳಿದ್ರು, ಅವರು ಸುಮ್ಮನಿದ್ರು. ನಾನು ಬಂದೋರಿಗೆ ಲೋಟ ಹಿಡ್ಕೊಂಡು ನಿಂತಿದ್ದೆ.”

“ನಿನ್ನೆ ನೀವೂ ಇಲ್ಲಿ ಸುಮ್ಮನೆ ನಿಂತಿದ್ರಿ.”

ನಲ್ಲಿಯಿಂದ ಒಂದು ಹನಿ ಬಿತ್ತು. ಟೀಚರ್ ಅದನ್ನು ಬಿಗಿಯಾಗಿ ತಿರುಗಿಸಿದರು.

“ಬಾಯಿವರೆಗೂ ಬಂತು. ಹೇಳಿದ್ರೆ ಮತ್ತೆ ಈ ಬಾಗಿಲೊಳಗೆ ಬರೋ ಹಾಗಿಲ್ಲ ಅನ್ನಿಸ್ತು. ಅವಳಿಗಿನ್ನೂ ಚಿಕ್ಕ ವಯಸ್ಸು, ಮರೀತಾಳೆ ಅಂದ್ಕೊಂಡೆ.”

“ನೀವು ಮರೆತ್ರಾ?”

ಟೀಚರ್ ಕೈ ಒರೆಸಿದ ಬಟ್ಟೆಯನ್ನು ಮಡಿಸಿ ಸಿಂಕಿನ ಅಂಚಿಗೆ ಹಾಕಿದರು. ಇನ್‌ಸ್ಪೆಕ್ಟರ್ ಟಿಪ್ಪಣಿ ಪುಸ್ತಕ ಮುಚ್ಚಿದಳು. ಬೆಳಿಗ್ಗೆ 9.30ಕ್ಕೆ ಬಂಧನ ದಾಖಲಾಯಿತು. ಬಣ್ಣ ಹೆರೆಯುವ ಚಾಕು ಸಿಂಕಿನ ಮೇಲಿನ ಡಬ್ಬಿಯಲ್ಲಿ, ತೊಳೆದು ಒರೆಸಿ ಇಟ್ಟ ಸ್ಥಿತಿಯಲ್ಲಿ ದೊರೆಯಿತು. ಬಂಧನ ಪತ್ರಕ್ಕೆ ಟೀಚರ್ ಎಡಗೈಯಲ್ಲಿ ಸಹಿ ಮಾಡಿದರು, ಸ್ಪಷ್ಟವಾಗಿ, ಪೂರ್ತಿ ಹೆಸರು.

ಚಿತ್ರ ಯಾರದೆಂಬ ಮಾತು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ ಎಂದು ನಿರ್ದೇಶಕರು ಪತ್ರ ಬರೆದರು. ಹತ್ತು ದಿನಗಳಲ್ಲಿ ಹಳೆಯ ಫೋಟೊ ನೋಡಿಕೊಂಡು ಸಹಿಯನ್ನು ಮತ್ತೆ ಬರೆಸಿದರು. ಹುಡುಗಿಯ ತಾಯಿಗೆ ಕೆಲಸ ಮರಳಿ ಸಿಕ್ಕಿತು, ಮಗಳಿಗೆ ಪ್ರಮಾಣಪತ್ರವೂ ಬಂತು, ಸಹಿ ಮಾಡಬೇಕಾದ ಟೀಚರ ಜಾಗ ಖಾಲಿ ಬಿಟ್ಟುಕೊಂಡು.

23ನೇ ತಾರೀಕು ತಾಯಿ ಮಗಳು ಠಾಣೆಗೆ ಬಂದರು. ಸಂದರ್ಶನಕ್ಕೆ ಆ ಚಿತ್ರ ಬೇಕಿತ್ತು. ನ್ಯಾಯಾಲಯದ ಆದೇಶವಿಲ್ಲದೆ ಕೊಡುವಂತಿರಲಿಲ್ಲ. ಅರ್ಜಿ ಹಾಕಿ ಆಗಲೇ ಐದು ದಿನ, ರಜೆಕಾಲ, ಪೀಠದಲ್ಲಿ ಯಾರೂ ಇರಲಿಲ್ಲ. ರೈಟರ್ ಒಂದು ದೊಡ್ಡ ಫೋಟೊ ಪ್ರತಿ ತೆಗೆಸಿಟ್ಟಿದ್ದರು. ಹುಡುಗಿ ಅದನ್ನು ನೋಡಿ, “ಫೋಟೊ ತಗೊಳ್ಳಲ್ಲ ಅಂತ ಬರೆದಿದ್ದಾರೆ ಸರ್,” ಎಂದಳು. ಆದರೂ ಸುರುಳಿ ಸುತ್ತಿ ತೆಗೆದುಕೊಂಡಳು. ಮುಂದಿನ ವರ್ಷ ನೋಡೋಣ ಬಾ, ಎಂದು ತಾಯಿ ಅವಳ ತೋಳು ಹಿಡಿದಳು.

ಅವರು ಮೆಟ್ಟಿಲಿಳಿದು ಹೋದಮೇಲೆ ಇನ್‌ಸ್ಪೆಕ್ಟರ್ ಮುದ್ದೆಮಾಲು ಕೋಣೆಯ ಬೀಗ ತೆಗೆಸಿದಳು. ಚಿತ್ರದ ಬೆನ್ನ ಮೇಲೆ ಹನ್ನೆರಡು ತಾರೀಕುಗಳ ಕೆಳಗೆ ಚೀಟಿ ಅಂಟಿಸಿತ್ತು. ಅದರಲ್ಲಿ ಇಬ್ಬರು ಪಂಚರ ಸಹಿ, ರೈಟರ್ ಸಹಿ, ಆಕೆಯದೇ ಸಹಿ, ಮೇಲೆ ಅರಗಿನ ಮುದ್ರೆ. ಯಾರಿಂದ ಜಪ್ತಿ, ಎಲ್ಲಿ ಜಪ್ತಿ, ಯಾರ ಸಮ್ಮುಖದಲ್ಲಿ ಎಂದು ಅಚ್ಚಾದ ಎಲ್ಲ ಜಾಗಗಳೂ ಸರಿಯಾಗಿ ತುಂಬಿದ್ದವು. ಚಿತ್ರ ಬರೆದವರ ಹೆಸರಿಗೆ ಆ ಚೀಟಿಯಲ್ಲಿ ಜಾಗವಿರಲಿಲ್ಲ.