ಮಾಜಾಳಿಯಿಂದ ತಲಪಾಡಿಗೆ

ನಾಯಿಯನ್ನು ಬ್ಯಾಂಕಿನೊಳಗೆ ಕರೆತಂದವನನ್ನು ಸುನಂದ ಮೊದಲು ಬೈದಳು, ಆಮೇಲೆ ನೋಡಿದಳು. ಬೈದದ್ದಕ್ಕೇನೂ ತೊಂದರೆಯಾಗಲಿಲ್ಲ. ನೋಡಿದ್ದೇ ತಪ್ಪಾಯಿತು.

ಮುಳಬಾಗಿಲಿನ ಆ ಬ್ಯಾಂಕಿನಲ್ಲಿ ಅವಳು ಕ್ಲರ್ಕು. ಅವನು ಬೈರಕೂರಿನ ನರೇಶ್; ಸ್ವಂತ ಕ್ಯಾಂಟರ್ ಇಟ್ಟುಕೊಂಡು ಕೋಲಾರದ ಮಂಡಿಯಿಂದ ಟೊಮೆಟೊ ಲೋಡು ಹೊಡೆಯುವವನು. ನಾಯಿಯನ್ನು ಹೊರಗೆ ಕಟ್ಟಿ ಬನ್ನಿ ಎಂದರೆ, "ಗಾಡಿ ಓನರ್ ಇವನೇ ಮೇಡಂ, ನಾನ್ ಬರೀ ಡ್ರೈವರ್," ಎಂದ. ಓನರ್ ಒಂದು ಕಂದು ಬಣ್ಣದ ಬೀದಿನಾಯಿ. ಹೆಸರು ಬುಜ್ಜಿ. ಒಂದು ಕಿವಿ ನೆಟ್ಟಗಿತ್ತು, ಇನ್ನೊಂದು ಮಡಚಿಕೊಂಡಿತ್ತು. ನಗಬಾರದೆಂದು ಸುನಂದ ತುಟಿ ಕಚ್ಚಿದಳು. ಅವನು ಅದನ್ನು ನೋಡಿಬಿಟ್ಟ. ಮರುವಾರ ಕೆಲಸವೇ ಇಲ್ಲದೆ ಬಂದು ಒಂದು ಫಾರಂ ಕೇಳಿದ. ಅದರ ಮರುವಾರ ಬಂದು ಅದೇ ಫಾರಂ ಇನ್ನೊಂದು ಕೇಳಿದ.

ಲೋಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದು ಅವಳೇ. ಕಾರವಾರ, ಕುಮಟಾ, ಕುಂದಾಪುರ, ಮಂಗಳೂರು ಎಂದ ಅವನು. ತಾಯಲೂರಿನಲ್ಲಿ ಹುಟ್ಟಿದ ಸುನಂದಳಿಗೆ ಆಗ ಇಪ್ಪತ್ತೆಂಟು ತುಂಬಿತ್ತು. ಊರ ಕೆರೆಗಿಂತ ದೊಡ್ಡ ನೀರನ್ನು ಅವಳು ಕಂಡಿರಲಿಲ್ಲ. ಗೋವಾ ಗಡಿಯ ಮಾಜಾಳಿಯಿಂದ ಕೇರಳ ಗಡಿಯ ತಲಪಾಡಿಯವರೆಗೆ ದಡ ಹಿಡಿದೇ ನಡೆಯಬಹುದಂತೆ ಎಂದು ಅವನು ಸುಮ್ಮನೆ ಅಂದ. ಸುಮ್ಮನೆ ಅಂದ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗಿದ್ದ ಕಾಯಿಲೆಯೇ ಅದು.

ಎರಡನೇ ಶನಿವಾರ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಶುಕ್ರವಾರ ಮಂಡಿಯಲ್ಲಿ ಲೋಡಾದರೆ ಶನಿವಾರ ಬೆಳಿಗ್ಗೆ ಕರಾವಳಿ. ಬಾಕ್ಸುಗಳು ಇಳಿದ ಮೇಲೆ ಗಾಡಿಯನ್ನು ಒಂದು ಕಡೆ ನಿಲ್ಲಿಸಿ ಮೂವರೂ ಹತ್ತೋ ಹನ್ನೆರಡೋ ಕಿಲೋಮೀಟರ್ ನಡೆಯುವುದು, ಆಟೋ ಹಿಡಿದು ಗಾಡಿಗೆ ವಾಪಸಾಗುವುದು. ಮನೆಯಲ್ಲಿ ಟ್ರೆಕ್ಕಿಂಗ್ ಗ್ರೂಪು ಎಂದು ಹೇಳಿದ್ದಳು. ಗ್ರೂಪಿನಲ್ಲಿ ಒಂದು ನಾಯಿ ಇದೆ ಎಂದೂ ಹೇಳಿದ್ದಳು; ಅಷ್ಟರ ಮಟ್ಟಿಗೆ ಸುಳ್ಳಲ್ಲ.

ಅವಳು ಎರಡು ಕಾನೂನು ಮಾಡಿದ್ದಳು. ಕಳೆದ ಸಲ ಎಲ್ಲಿ ನಿಂತೆವೋ ಅಲ್ಲಿಂದಲೇ ಶುರು ಮಾಡಬೇಕು, ಒಂದು ಮಾರೂ ಬಿಡುವಂತಿಲ್ಲ. ಮುಂದಿನ ದಡವನ್ನು ಯಾರೂ ಮೊದಲೇ ನೋಡುವಂತಿಲ್ಲ. ಬೇರೆ ದಿನ ಲೋಡು ತಂದರೂ ನರೇಶ್ ಹೈವೇಯಲ್ಲೇ ಬಂದು ಹೈವೇಯಲ್ಲೇ ವಾಪಸ್ ಹೋಗಬೇಕು. "ಹೊಸದು ಏನಿದ್ರೂ ಇಬ್ರೂ ಒಟ್ಟಿಗೇ ನೋಡ್ಬೇಕು ಕಣೋ," ಎಂದಿದ್ದಳು. ಅವನು ಬುಜ್ಜಿಯ ತಲೆ ಮುಟ್ಟಿ ಆಣೆ ಇಟ್ಟಿದ್ದ.

ಸುಖವೆಂದರೆ ಏನೆಂದು ಯಾರಾದರೂ ಕೇಳಿದ್ದರೆ ಸುನಂದ ಆ ಶನಿವಾರಗಳನ್ನೇ ತೋರಿಸುತ್ತಿದ್ದಳು. ಗಂಗಾವಳಿಯ ದೋಣಿಯಲ್ಲಿ ಬುಜ್ಜಿ ಹೆದರಿ ಅವಳ ಮಡಿಲು ಹತ್ತಿದ್ದು. ಹೊನ್ನಾವರದ ಮರಳಿನಲ್ಲಿ ಅವಳ ಚಪ್ಪಲಿ ಕಿತ್ತುಹೋಗಿ, ನರೇಶ್ ತನ್ನದನ್ನು ಅವಳಿಗೆ ಕೊಟ್ಟು, ಬರಿಗಾಲಲ್ಲಿ ಕುಂಟುತ್ತಾ ಕುಂಟುತ್ತಾ ಬಂದದ್ದು. ಭಟ್ಕಳ ದಾಟಿದ ಮೇಲೆ ಒಂದು ಬೆಳಿಗ್ಗೆ ಅವನ ಕಣ್ಣು ತನ್ನ ಕತ್ತಿನ ಬೆವರಿನ ಮೇಲೆ ನಿಂತದ್ದು ಅವಳಿಗೆ ಗೊತ್ತಾಯಿತು.

"ಸಮುದ್ರ ಆ ಕಡೆ ಇದೆ," ಎಂದಳು.

"ಇರ್ಲಿ ಬಿಡು. ಅದೆಲ್ಲಿಗ್ ಹೋಗುತ್ತೆ?"

ಅವಳು ಸೆರಗಿಲ್ಲದ ಚೂಡಿದಾರದಲ್ಲಿ ಸೆರಗು ಹುಡುಕಿದಳು. ಅವನು ನಕ್ಕ. ಆ ನಗುವಿಗಾಗಿ ಅವಳು ಏನನ್ನಾದರೂ ಕೊಡುತ್ತಿದ್ದಳು, ಕೊಟ್ಟಳು ಕೂಡ. ಮಾಲೂರಿನ ಹೈಸ್ಕೂಲ್ ಮೇಷ್ಟ್ರ ಸಂಬಂಧ ಬಂದಾಗ ಬೇಡವೆಂದಳು. ಕೋಲಾರದ ಎಂಜಿನಿಯರ್ ಮನೆಯವರು ಎರಡು ಸಲ ಹೇಳಿಕಳಿಸಿದಾಗಲೂ ಬೇಡವೆಂದಳು. ಅಕ್ಕ ಮುನಿಲಕ್ಷ್ಮಿ ಅವಳೊಡನೆ ಮಾತು ಬಿಟ್ಟಳು.

ಮರವಂತೆಯಲ್ಲಿ ಅವನು ಮದುವೆಯ ಮಾತೆತ್ತಿದ್ದ. ತಲಪಾಡಿ ಮುಟ್ಟಿದ ದಿನ ಅಮ್ಮನಿಗೆ ಹೇಳುತ್ತೇನೆ, ಅಲ್ಲಿಯವರೆಗೆ ತಡೆದುಕೋ ಎಂದ. "ನೀವು ನಮ್ಮೋರಲ್ಲ ಅಲ್ವಾ. ನಿನ್ನ ಹೆಸರೆತ್ತಿದ್ರೇನೇ ಅಮ್ಮ ವಿಷ ಕುಡೀತೀನಿ ಅಂತಾರೆ." ಸುನಂದ ನಂಬಿದಳು. ಕಾಣದ ಅವನ ತಾಯಿ ಭಾರತಮ್ಮನ ಮೇಲೆ ಸಿಟ್ಟು ಬರುತ್ತಿತ್ತು. ಅವರ ಸೊಸೆಯಾದ ಮೇಲೆ ಹೇಗೆ ಒಲಿಸಿಕೊಳ್ಳಬೇಕೆಂದು ಯೋಚಿಸುತ್ತಲೂ ಇದ್ದಳು.

ಎರಡು ವರ್ಷ ಎಂಟು ತಿಂಗಳಾಯಿತು. ಜನವರಿಯ ಎರಡನೇ ಶನಿವಾರಕ್ಕೆ ಉಳಿದದ್ದು ಉಳ್ಳಾಲದಿಂದ ತಲಪಾಡಿ, ಒಂಬತ್ತು ಕಿಲೋಮೀಟರ್.

ಈ ಸಲ ನಾಯಿ ಬೇಡ ಎಂದ ನರೇಶ್. ಬುಜ್ಜಿಗೆ ಮೈ ಸರಿಯಿಲ್ಲ, ಸುಮ್ಮನೆ ಸುಸ್ತಾಗುತ್ತಾನೆ. ಬುಜ್ಜಿ ನೋಡಿದರೆ ಮಂಡಿಯ ತುಂಬ ಕುಣಿದಾಡುತ್ತಿದ್ದ. ಕೊನೇ ದಿನ ಅವನಿಲ್ಲದೆ ನಾನು ಹೆಜ್ಜೆ ಇಡುವುದಿಲ್ಲ ಎಂದು ಸುನಂದ ಹಟ ಹಿಡಿದಳು. ಅವಳು ಅವತ್ತು ಹೊಸ ಹಸಿರು ಚೂಡಿದಾರ ಹಾಕಿದ್ದಳು. ಸಂಜೆ ಅತ್ತೆಯೊಡನೆ ಮಾತಾಡಬೇಕಾಗಬಹುದು ಎಂದು ಹಾಕಿದ್ದು. ಫೋನಿನಲ್ಲಿ ಬಟ್ಟೆ ಕಾಣುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಹೊಸ ದಡದಲ್ಲಿ ಬುಜ್ಜಿ ಯಾವಾಗಲೂ ಪುಕ್ಕಲ. ಏಡಿಯ ಬಿಲಗಳನ್ನು ಮೂಸುತ್ತಾ ಅವಳ ಹಿಮ್ಮಡಿಗೆ ಅಂಟಿಕೊಂಡೇ ಬರುತ್ತಿದ್ದ. ಅವತ್ತು ಸೋಮೇಶ್ವರದ ಬಂಡೆಗಳು ಕಂಡದ್ದೇ ತಡ, ಓಟ ಕಿತ್ತ. ಚಪ್ಪಟೆಯ ಒಂದು ಬಂಡೆ ಹತ್ತಿ, ಸಮುದ್ರಕ್ಕೆ ಬೆನ್ನು ಮಾಡಿ, ಎದೆ ಸೆಟೆಸಿ ಕೂತ. ಆಮೇಲೆ ಮುಂಗಾಲೊಂದನ್ನು ಎತ್ತಿ ಹಿಡಿದು ಬಿಸ್ಕತ್ತಿಗೆ ಬಾಯಿ ತೆರೆದ.

ಸುನಂದ ಮೊದಲು ನಕ್ಕಳು. ಇದನ್ನು ಯಾವಾಗ ಕಲಿಸಿದೆ ಎಂದು ನರೇಶನ ಕಡೆ ತಿರುಗಿದರೆ ಅವನ ಮುಖ ಬಿಳುಚಿಕೊಂಡಿತ್ತು. "ಇಳಿಯೋ ಕೆಳಗೆ," ಎಂದು ಗದರಿದ. ಅವನು ಆ ನಾಯಿಯನ್ನು ಗದರಿದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ. ಬುಜ್ಜಿ ಇಳಿಯಲಿಲ್ಲ. ಫೋಟೋ ಮುಗಿಯುವವರೆಗೆ ಇಳಿಯಬಾರದೆಂದು ಅವನಿಗೆ ಯಾರೋ ಚೆನ್ನಾಗಿ ಕಲಿಸಿದ್ದರು.

ಎಳನೀರು ಮಾರುವ ಮುದುಕ ಮಚ್ಚು ಹಿಡಿದೇ ಹತ್ತಿರ ಬಂದ.

"ಇದು ಆ ಫೋಟೋದ ನಾಯಿ ಅಲ್ವಾ ಮಾರ್ರೆ? ಮೊನ್ನೆ ಇಡೀ ದಿನ ಇದೇ ಕಲ್ಲಲ್ಲಿ ಕೂರಿಸಿದ್ರಿ. ಮದುಮಗಳು ಬರ್ಲಿಲ್ವಾ ಇವತ್ತು?"

ಸುನಂದ ಕೈ ಚಾಚಿದಳು. ನರೇಶ್ ಫೋನ್ ಕೊಟ್ಟ. ಕೊಡದೆ ಬೇರೆ ದಾರಿ ಇರಲಿಲ್ಲ.

ಅದರಲ್ಲಿ ಪ್ರೀವೆಡ್ಡಿಂಗ್ ವಿಡಿಯೋ ಇತ್ತು. ಶ್ರೀನಿವಾಸಪುರದ ಹುಡುಗಿ, ಹೆಸರು ರಮ್ಯ. ಬಿಳಿ ಗೌನಿನ ತುದಿಯನ್ನು ಅಲೆ ನೆನೆಸುತ್ತಿತ್ತು. ಅವಳ ಹಣೆಗೆ ನರೇಶನ ಹಣೆ, ನಡುವೆ ಕೊರಳಿಗೆ ಕೆಂಪು ಬೋ ಕಟ್ಟಿಸಿಕೊಂಡ ಬುಜ್ಜಿ. ಫೆಬ್ರವರಿ ಹನ್ನೆರಡಕ್ಕೆ ಮುಹೂರ್ತ ಎಂದು ವಿಡಿಯೋದ ಕೊನೆಯಲ್ಲಿ ಹೂವಿನ ಅಕ್ಷರಗಳಲ್ಲಿ ಬಂತು. ಹುಡುಗಿ ಚೆನ್ನಾಗಿದ್ದಳು. ಅವಳ ಮೇಲೆ ಸಿಟ್ಟು ತಂದುಕೊಳ್ಳಲು ಸುನಂದ ಪ್ರಯತ್ನಪಟ್ಟಳು, ಬರಲಿಲ್ಲ. ತಾನು ನೋಡದ ದಡವನ್ನು ಇವನು ಇನ್ನೊಬ್ಬಳ ಜೊತೆ ನೋಡಿ ಮುಗಿಸಿದ್ದ. ಎದೆಗೆ ಚುಚ್ಚಿದ್ದು ಅದು.

ನರೇಶ್ ಅಳುತ್ತಿದ್ದ. ಅಮ್ಮ ಬಲವಂತ ಮಾಡಿದರು ಎಂದ. ನಿನ್ನ ಹೆಸರು ಹೇಳಿ ಕಾಲಿಗೆ ಬಿದ್ದೆ, ವಿಷದ ಬಾಟಲಿ ತಂದಿಟ್ಟುಕೊಂಡು ಕೂತರು ಎಂದ. ಅವನ ಕಣ್ಣೀರು ನಿಜವಾಗಿತ್ತು. ನಾಚಿಕೆ ಬಿಟ್ಟು ಹೇಳುವುದಾದರೆ, ಸುನಂದಳಿಗೆ ಆಗಲೂ ಅವನು ಬೇಕಾಗಿದ್ದ. ಗೌನು, ಬೋ, ಮುಹೂರ್ತ ಎಲ್ಲವನ್ನೂ ನುಂಗಿಕೊಳ್ಳಲು ತಯಾರಿದ್ದಳು. ಆ ತಾಯಿಯನ್ನು ತಾನೇ ಬೇಡಿಕೊಂಡರೆ ಕರಗಬಹುದೇನೋ ಎನಿಸಿತು. ಬೇಡ ಬೇಡ ಎನ್ನುತ್ತಾ ಅವನು ಫೋನಿಗೆ ಕೈ ಹಾಕುವಷ್ಟರಲ್ಲಿ 'ಅಮ್ಮ' ಎಂಬ ಹೆಸರು ಒತ್ತಿ, ಸ್ಪೀಕರ್ ಹಾಕಿ, ಅವನ ಬಾಯಿಗೆ ಹಿಡಿದಳು.

"ಅಮ್ಮಾ," ಎಂದ ನರೇಶ್. "ನಂಗೆ ಈ ಮದುವೆ ಬೇಡ. ಸುನಂದಾನ..."

"ಯಾವ ಸುನಂದ?" ಎಂದರು ಭಾರತಮ್ಮ.

ಆ ಕಡೆ ಕುಕ್ಕರ್ ಕೂಗಿ ನಿಂತಿತು.

"ಮೂರು ಸಲ ಕೇಳಿದ್ನಲ್ಲೋ ನಾಯನಾ. ಮನಸಲ್ಲಿ ಯಾರಾದ್ರೂ ಇದ್ರೆ ಹೇಳು, ಯಾವ ಜಾತಿ ಆದ್ರೂ ಸರಿ, ತಂದು ಮನೆ ತುಂಬಿಸ್ಕೊಳ್ತೀನಿ ಅಂತ. ತಲೆ ಮೇಲೆ ಕೈ ಇಟ್ಟು ಕೇಳ್ದೆ. ಯಾರೂ ಇಲ್ಲಮ್ಮ ಅಂದ್ಯಲ್ಲ."

ಸುನಂದ ಅವನ ಮುಖ ನೋಡಿದಳು. ಅವನು ಬಂಡೆಯ ಕಡೆ ನೋಡುತ್ತಿದ್ದ. ಅವನನ್ನು ಯಾರೂ ತಡೆದಿರಲಿಲ್ಲ. ಅವಳು ಮರವಂತೆಯಿಂದ ಇಲ್ಲಿಯವರೆಗೆ ಶಪಿಸುತ್ತಾ ಬಂದ ಹೆಂಗಸು ಎಲ್ಲೂ ಇರಲಿಲ್ಲ.

ಆ ಹುಡುಗಿ ಅಲ್ಲೇ ಇದ್ದರೆ ಫೋನ್ ಕೊಡು ಎಂದರು ಭಾರತಮ್ಮ. ಸುನಂದ ಇದ್ದೀನಿ ಎಂದಳು.

"ಏನಮ್ಮಾ, ನಿಂಗೆ ಇವನು ಬೇಕಾ? ಭಯ ಬೀಳಬೇಡ, ಹೇಳು. ಶ್ರೀನಿವಾಸಪುರದೋರ ಕಾಲು ನಾನ್ ಹಿಡ್ಕೊಳ್ತೀನಿ."

ಅವಳು ಬಯಸಿದ್ದೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಹೂಂ ಎಂದರೆ ಸಾಕಿತ್ತು. ನರೇಶ್ ಎರಡೂ ಕೈ ಜೋಡಿಸಿ ನಿಂತಿದ್ದ. ಮುಖದ ಮೇಲೆ ಆಗಲೇ ಸಣ್ಣಗೆ ಸಂತೋಷ ಹುಟ್ಟಿತ್ತು, ತಪ್ಪು ಮಾಡಿಯೂ ಬಚಾವಾದವರ ಸಂತೋಷ.

"ನಿಮ್ಮ ಮಗ ನಿಮಗೆ ಸುಳ್ಳು ಹೇಳಿಲ್ಲಮ್ಮ," ಎಂದಳು ಸುನಂದ. "ಯಾರೂ ಇಲ್ಲ."

ಫೋನ್ ಕಟ್ ಮಾಡಿ ಅವನ ಕೈಗಿಟ್ಟಳು. ಅಮ್ಮ ಒಪ್ಪಿದಾರಲ್ಲೇ, ಇನ್ನೇನು ಬೇಕು ನಿಂಗೆ ಎಂದು ಅವನು ಅವಳ ತೋಳು ಹಿಡಿದ. ಯಾಕೆ ಹೇಳಲಿಲ್ಲವೆಂದರೆ ನನಗೇ ಗೊತ್ತಿಲ್ಲ, ಹೇಳಬೇಕು ಅಂತಲೇ ಇದ್ದೆ, ದಿನ ಹೋಯಿತು ಎಂದ. ಅದೊಂದು ಮಾತು ಮಾತ್ರ ಪೂರ್ತಿ ನಿಜವಿರಬೇಕು.

"ಅವ್ರು ಒಪ್ಪದೇ ಇದ್ದಿದ್ರೆ ನಿನ್ನ ಕ್ಷಮಿಸ್ತಿದ್ದೆ ಕಣೋ," ಎಂದು ತೋಳು ಬಿಡಿಸಿಕೊಂಡಳು.

ತಲಪಾಡಿಗೆ ಇನ್ನೂ ಆರು ಕಿಲೋಮೀಟರ್ ಇತ್ತು. ಅವಳು ದಡ ಹಿಡಿದು ನಡೆದಳು. ಊರಿಗೆ ಹೇಗೆ ಹೋಗ್ತೀಯೇ ಎಂದು ಅವನು ಹಿಂದಿನಿಂದ ಕೂಗಿದ್ದು ಕೇಳಿಸಿತು. ಬಸ್ಸಿದೆ ಎಂದು ತಿರುಗದೆಯೇ ಹೇಳಿದಳು. ಸ್ವಲ್ಪ ಹೊತ್ತಿಗೆ ಹಿಮ್ಮಡಿಯ ಹತ್ತಿರ ಬಿಸಿ ಉಸಿರು ತಾಗಿತು. ಬುಜ್ಜಿ ಬಂಡೆ ಇಳಿದು ಬಂದಿದ್ದ. ಸುನಂದ ಕೆಳಗೆ ನೋಡಲಿಲ್ಲ, ನೋಡಿದರೆ ನಿಲ್ಲುತ್ತಾನೆಂದು. ಇಬ್ಬರೂ ಒಂದೇ ಹೆಜ್ಜೆಗೆ ನೂರು ಮಾರು ಹೋದರು. ಇವನಾದರೂ ಬಂದನಲ್ಲ ಎಂದು ಅವಳ ಎದೆ ಹಗುರಾಗತೊಡಗಿತ್ತು.

ಹಿಂದಿನಿಂದ ಸಿಳ್ಳೆ ಕೇಳಿಸಿತು. ಬುಜ್ಜಿ ನಿಂತ. ಒಂದು ಸಲ ಅವಳ ಮುಖ ನೋಡಿದ, ಬಾಲ ಅಲ್ಲಾಡಿಸಿದ, ಆಮೇಲೆ ತಿರುಗಿ ತನ್ನವನ ಕಡೆ ಓಡಿಹೋದ. ಅಲ್ಲಿಯವರೆಗೆ ಹನಿ ಕಣ್ಣೀರು ಹಾಕದ ಸುನಂದ ಆಗ ಮರಳಿನಲ್ಲೇ ಕುಸಿದು ಕೂತು ಗಟ್ಟಿಯಾಗಿ ಅತ್ತಳು.