ಪಿಟೀಲಿನೊಳಗಿನ ಮಣಿ

"ಹಾಗಲ್ಲ! ಹಾಗಲ್ಲ! ಕತ್ತು ಹಿಡ್ಕೊಂಡು ಎತ್ತಬೇಡ ಕಣೇ. ಅದೇನು ಕ್ರಿಕೆಟ್ ಬ್ಯಾಟಾ?"

ಜೀರುಂಡೆ ಕೂಗಿದ ರಭಸಕ್ಕೆ ಬಟಾಣಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಪುಟ್ಟ ಪಿಟೀಲು ಜಾರಿ ಅವಳ ಮೊಣಕಾಲಿಗೆ ಬಡಿಯಿತು. ಜೀರುಂಡೆ ಓಡಿಬಂದು ಪಿಟೀಲನ್ನು ಕಿತ್ತುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸದ್ಯ, ಏನೂ ಆಗಿರಲಿಲ್ಲ. ಬಟಾಣಿಯ ಮೊಣಕಾಲು ಮಾತ್ರ ಕೆಂಪಾಗಿತ್ತು. ಅದನ್ನು ಜೀರುಂಡೆ ನೋಡಲೇ ಇಲ್ಲ.

ಜೀರುಂಡೆ ಆರನೇ ಕ್ಲಾಸಿನ ಹುಡುಗಿ. ಮೂರನೇ ಕ್ಲಾಸಿನಲ್ಲಿದ್ದಾಗ ಅವಳು ಮೊದಲ ಸಲ ಪಿಟೀಲಿನ ಮೇಲೆ ಕಮಾನು ಎಳೆದಳು ನೋಡಿ, ಆ ಕಿರ್ರ್ ಎಂಬ ಸದ್ದು ಕೇಳಿ ಬೀದಿಯ ಮಕ್ಕಳೆಲ್ಲ ಸೇರಿ ಈ ಹೆಸರು ಕಟ್ಟಿದ್ದರು. ಈಗ ಅವಳು ಸೊಗಸಾಗಿ ನುಡಿಸುತ್ತಾಳೆ. ಸದ್ದು ಹೋಯಿತು, ಹೆಸರು ಹೋಗಲಿಲ್ಲ.

ಲೈಬ್ರರಿಯ ಮಹಡಿಯ ಮೇಲೆ ಪ್ರತಿ ಶನಿವಾರ ಮಕ್ಕಳಿಗೆ ಸಂಗೀತದ ಕ್ಲಾಸು. ಫೀಸು ಇಲ್ಲ. ಪಿಟೀಲುಗಳೂ ಯಾರ ಸ್ವಂತದ್ದೂ ಅಲ್ಲ. ಕಲಿಯುವಷ್ಟು ದಿನ ಮನೆಗೆ ಒಯ್ಯಬಹುದು, ಆಮೇಲೆ ಬೀರುವಿಗೆ ವಾಪಸ್ ಇಡಬೇಕು. ಕಳೆದ ತಿಂಗಳು ಸಂಗೀತದ ಮಿಸ್ ಜೀರುಂಡೆಯ ಕೈ ಹಿಡಿದು ನೋಡಿ, "ಅಯ್ಯೋ, ನಿನ್ನ ಬೆರಳು ಯಾವಾಗ ಇಷ್ಟುದ್ದ ಆಯ್ತೇ?" ಎಂದು ನಕ್ಕು, ಅವಳಿಗೆ ದೊಡ್ಡ ಪಿಟೀಲು ಕೊಟ್ಟರು. ಜೊತೆಗೆ ಒಂದು ಕೆಲಸವನ್ನೂ ಕೊಟ್ಟರು.

"ಹೊಸ ಮಕ್ಕಳು ಜಾಸ್ತಿ ಬಂದಿದಾರೆ. ನಂಗಿರೋದು ಎರಡೇ ಕೈ. ಒಬ್ಬಳಿಗೆ ನೀನು ಹೇಳ್ಕೊಡ್ತೀಯಾ? ಸಂಬಳ ಗಿಂಬಳ ಇಲ್ಲ ಮತ್ತೆ!"

ಜೀರುಂಡೆ ಉಬ್ಬಿಹೋದಳು. ತನ್ನನ್ನೂ ಒಬ್ಬರು ಟೀಚರ್ ಎಂದು ಕರೆಯುತ್ತಾರೆ! ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಗುನುಗಿಕೊಂಡು ಹೋಗಿದ್ದಳು.

ಆದರೆ ಅವಳ ಪಾಲಿಗೆ ಬಂದದ್ದು ಬಟಾಣಿ. ಹೆಸರಿಗೆ ತಕ್ಕ ಹಾಗೆ ಗುಂಡಗೆ, ಒಂದು ಕಡೆ ನಿಲ್ಲದೆ ಉರುಳಾಡುವ ಮೂರನೇ ಕ್ಲಾಸಿನ ಹುಡುಗಿ. ಅವಳ ಬೆನ್ನ ಮೇಲಿದ್ದದ್ದು ಜೀರುಂಡೆಯ ಹಳೆಯ ಪಿಟೀಲು!

ಅದರ ಒಂದೊಂದು ಗುರುತೂ ಜೀರುಂಡೆಗೆ ಗೊತ್ತು. ಗಲ್ಲ ಊರುವ ಜಾಗದಲ್ಲಿ ಪಾಲಿಶ್ ಮಾಸಿದ್ದು ಅವಳ ಗಲ್ಲದಿಂದಲೇ. ಮೂಲೆಯಲ್ಲಿ ಚೂರು ನೆಗ್ಗಿದ್ದು ಅವಳ ಮಂಚದಿಂದ ಬಿದ್ದಾಗ. ಇನ್ನು ಒಳಗಿನ ಆ ಮಣಿ. ಕಲಿಯಲು ಬಂದ ಹೊಸತರಲ್ಲಿ ಅವಳ ಕೊರಳ ಸರ ಹರಿದು, ಒಂದು ನೀಲಿ ಮಣಿ ಪಿಟೀಲಿನ ಸೊಟ್ಟ ತೂತಿನೊಳಗೆ ಬಿದ್ದುಹೋಗಿತ್ತು. ಮಿಸ್ ಹೇರ್‌ಪಿನ್ ಹಾಕಿ ಕೆದಕಿದರು, ಊದಿದರು, ಕುಟ್ಟಿದರು. ಬರಲಿಲ್ಲ. "ಇರ್ಲಿ ಬಿಡು, ಅದೂ ಒಳಗೆ ಕೂತ್ಕೊಂಡು ಸಂಗೀತ ಕೇಳ್ಲಿ" ಎಂದಿದ್ದರು. ಅಂದಿನಿಂದ ಪಿಟೀಲು ಎತ್ತಿದಾಗಲೆಲ್ಲ ಒಳಗೆ ಟಿಕ್ ಟಿಕ್ ಎಂದು ಮಣಿ ಉರುಳುತ್ತಿತ್ತು. ದೊಡ್ಡ ಪಿಟೀಲು ಎತ್ತಿದರೆ ಒಳಗೆ ಏನೂ ಇಲ್ಲ. ಖಾಲಿ ಮನೆಯ ಬಾಗಿಲು ತೆರೆದ ಹಾಗಿತ್ತು ಅವಳಿಗೆ.

"ಟೀಚರಕ್ಕ, ನಾನು ಈಗ ಹಾಡು ಬಾರಿಸ್ಲಾ?" ಬಟಾಣಿ ಕೇಳಿದಳು.

"ಹಾಡಂತೆ ಹಾಡು! ಮೊದ್ಲು ಕಮಾನು ನೆಟ್ಟಗೆ ಎಳಿ. ಎಷ್ಟು ಸಲ ಹೇಳ್ಬೇಕು ನಿಂಗೆ? ನಾನು ನಿನ್ನಷ್ಟಿದ್ದಾಗ ಒಂದೇ ದಿನಕ್ಕೆ ಕಲ್ತಿದ್ದೆ, ಗೊತ್ತಾ?"

ಬಟಾಣಿ ನಾಲಿಗೆ ಕಚ್ಚಿಕೊಂಡು ಎಳೆದಳು. ಕಿರ್ರ್ರ್. ಆಮೇಲೆ ಪಿಟೀಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಅಕ್ಕಾ! ಒಳಗೆ ಏನೋ ಇದೆ!"

"ಏನೂ ಇಲ್ಲ. ಪಾಠ ಮಾಡು."

ಅಷ್ಟರಲ್ಲಿ ಮಿಸ್ ಕರೆದರೆಂದು ಜೀರುಂಡೆ ಪಕ್ಕದ ರೂಮಿಗೆ ಹೋದಳು. ವಾಪಸ್ ಬರುವಷ್ಟರಲ್ಲಿ ಬಟಾಣಿ ನೆಲದ ಮೇಲೆ ಅಂಗಾತ ಮಲಗಿ, ಪಿಟೀಲನ್ನು ತಲೆಕೆಳಗಾಗಿ ಮುಖದ ಮೇಲೆ ಹಿಡಿದಿದ್ದಳು. ಜೀರುಂಡೆಯನ್ನು ಕಂಡದ್ದೇ ಎದ್ದು ಕುಣಿದಳು.

"ಸಿಕ್ತು! ಟೀಚರಕ್ಕಾ, ಸಿಕ್ತು! ಮೂಗಿನ ಮೇಲೇ ಬಿತ್ತು!"

ಅವಳ ಅಂಗೈಯಲ್ಲಿ ನೀಲಿ ಮಣಿ ಇತ್ತು.

ಜೀರುಂಡೆಗೆ ಏನಾಯಿತೋ. ಮುಖಕ್ಕೆಲ್ಲ ರಕ್ತ ನುಗ್ಗಿತು. "ಯಾರು ನಿಂಗೆ ತೆಗಿ ಅಂದಿದ್ದು? ಅದು ನಂದು! ಪಿಟೀಲೂ ನಂದು! ನಿಂಗೆ ಬಾರ್ಸೋಕೂ ಬರಲ್ಲ, ಏನೂ ಬರಲ್ಲ!"

ರೂಮಿನಲ್ಲಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. ಬಟಾಣಿಯ ನಗು ಹಾಗೇ ಮುಖದ ಮೇಲೆ ನಿಂತು, ನಿಧಾನವಾಗಿ ಇಳಿಯಿತು. ಮುಷ್ಟಿ ಮುಚ್ಚಿದಳು. ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಬೆನ್ನಿಗೇರಿಸಿಕೊಂಡು ಮೆಟ್ಟಿಲಿಳಿದು ಹೋದಳು.

ಮುಂದಿನ ಶನಿವಾರ ಬಟಾಣಿ ಬರಲಿಲ್ಲ.

"ಕಲಿಯೋದು ಬಿಟ್ಬಿಟ್ಟಳೇನೋ" ಎಂದರು ಮಿಸ್. "ಬಿಟ್ರೆ ಪಿಟೀಲು ಬೀರುವಿಗೆ ಬರ್ಬೇಕು. ಅವಳ ಮನೆ ನಿಮ್ಮ ದಾರೀಲೇ ಅಲ್ವಾ, ಲಾಂಡ್ರಿ ಮೇಲೆ? ಹೋಗಿ ವಿಚಾರಿಸ್ಕೊಂಡು ಬಾ."

ಪಿಟೀಲು ಬೀರುವಿಗೆ ಬರುತ್ತದೆ! ಬೇಕೆಂದಾಗ ತೆಗೆದು ನೋಡಬಹುದು! ಜೀರುಂಡೆಯ ಮನಸ್ಸು ಒಂದು ಕ್ಷಣ ಹಿಗ್ಗಿತು. ಹಿಗ್ಗಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಲಾಂಡ್ರಿಯ ಪಕ್ಕದ ಮೆಟ್ಟಿಲಿನ ತುಂಬ ಸೋಪಿನ ವಾಸನೆ. "ಸಾರಿ ಕಣೇ, ಅವತ್ತು ನಂಗೆ ಕೋಪ ಬಂದಿತ್ತು" ಎನ್ನಬೇಕೆಂದು ಬಾಯಿಪಾಠ ಮಾಡಿಕೊಳ್ಳುತ್ತ ಅವಳು ಹತ್ತಿದಳು. ಮೇಲಿನ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ದನಿ ಕೇಳಿಸಿತು.

"ಹಾಗಲ್ಲ! ಹಾಗಲ್ಲ! ಅದೇನು ಕ್ರಿಕೆಟ್ ಬ್ಯಾಟಾ? ಎಷ್ಟು ಸಲ ಹೇಳ್ಬೇಕು ನಿಂಗೆ? ನಾನು ನಿನ್ನಷ್ಟಿದ್ದಾಗ ಒಂದೇ ದಿನಕ್ಕೆ ಕಲ್ತಿದ್ದೆ!"

ಜೀರುಂಡೆ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗೆ ಬಟಾಣಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಎದುರಿನ ಕುರ್ಚಿಯಲ್ಲಿ ಅವಳ ಅಪ್ಪ. ಬ್ರೆಡ್ಡು ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬಂದವರು, ಕಣ್ಣು ಕೆಂಡದ ಹಾಗಿತ್ತು. ಮಡಿಸಿದ ಕೊಡೆಯೊಂದನ್ನು ಗಲ್ಲಕ್ಕೆ ಒತ್ತಿಕೊಂಡು, ಮರದ ಸ್ಕೇಲಿನಿಂದ ಅದನ್ನು ತೀಡುತ್ತಿದ್ದರು.

"ಆಯ್ತು ಟೀಚರಕ್ಕ. ಬೈಬೇಡಿ ಟೀಚರಕ್ಕ" ಎಂದು ಆಕಳಿಸಿದರು.

ನಾನು ಹೀಗಾ ಮಾತಾಡೋದು? ಜೀರುಂಡೆಗೆ ಕಿವಿ ಬಿಸಿಯಾಯಿತು. ಒಂದೇ ದಿನಕ್ಕೆ ಕಲಿತಿದ್ದಳಂತೆ! ಕಮಾನು ನೆಟ್ಟಗೆ ಎಳೆಯಲು ಅವಳಿಗೆ ತಿಂಗಳು ಹಿಡಿದಿತ್ತು. ಮಿಸ್ ಅಷ್ಟೂ ದಿನ ಹಿಂದೆ ನಿಂತು ಅವಳ ಮೊಣಕೈ ಹಿಡಿದುಕೊಂಡಿದ್ದರು.

ಅಪ್ಪ ಅವಳನ್ನು ನೋಡಿದರು. "ಬಾಮ್ಮಾ, ಬಾ. ನೀನೇನಾ ಆ ಟೀಚರಕ್ಕ? ಮನೇಲಿ ಮೂರು ಹೊತ್ತೂ ನಿನ್ನದೇ ಜಪ."

ಬಟಾಣಿ ಓಡಿಹೋಗಿ ಪರದೆಯ ಹಿಂದೆ ಅಡಗಿದಳು. ಕೆಳಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು.

"ಪಿಟೀಲು ವಾಪಸ್ ತಗೊಂಡು ಹೋಗೋಕೆ ಬಂದ್ಯಾ?" ಎಂದಿತು ಪರದೆ.

ಜೀರುಂಡೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಪರದೆ ಸ್ವಲ್ಪ ಸರಿಯಿತು. ಬಟಾಣಿ ಪಿಟೀಲನ್ನು ಎರಡೂ ಕೈಯಲ್ಲಿ, ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದು ಹೊರಬಂದಳು. ಮೆಲ್ಲಗೆ ಓರೆ ಮಾಡಿದಳು.

ಟಿಕ್. ಟಿಕ್.

"ಮಣಿ ವಾಪಸ್ ಒಳಗೇ ಹಾಕಿದೀನಿ ಅಕ್ಕಾ. ಮೊದ್ಲು ಹೇಗಿತ್ತೋ ಹಾಗೇ ಇದೆ. ಇನ್ಯಾವತ್ತೂ ತೆಗೆಯಲ್ಲ."

ಬಾಯಿಪಾಠ ಮಾಡಿಕೊಂಡು ಬಂದ ಮಾತು ಮರೆತೇ ಹೋಯಿತು. ಜೀರುಂಡೆ ನೆಲದ ಮೇಲೆ ಕುಳಿತಳು. ಪಿಟೀಲಿನ ತೂತಿನೊಳಗೆ ಇಣುಕಿ ಹೇಳಿದಳು, "ನಂಗೆ ಅದನ್ನ ತೆಗೆಯೋಕೆ ಆಗಿರ್ಲೇ ಇಲ್ಲ ಕಣೇ. ಮಿಸ್‌ಗೂ ಆಗ್ಲಿಲ್ಲ. ನೀನು ಹೇಗೆ ತೆಗ್ದೆ?"

"ಸುಮ್ನೆ ತೆಗ್ದೆ."

"ನಂಗೂ ಹೇಳ್ಕೊಡ್ತೀಯಾ?"

ಬಟಾಣಿ ಅವಳ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಪಕ್ಕಕ್ಕೆ ಬಂದು ಕೂತಳು.

"ಹೇಳ್ಕೊಡ್ತೀನಿ. ಆದ್ರೆ ನಾನು ಬೈಯಲ್ಲ."

ಇಬ್ಬರೂ ಅಂಗಾತ ಮಲಗಿದರು. ಜೀರುಂಡೆ ಪಿಟೀಲನ್ನು ಮುಖದ ಮೇಲೆ ಹಿಡಿದು ಜೋರಾಗಿ ಅಲ್ಲಾಡಿಸಿದಳು. "ಜೋರಾಗಿ ಮಾಡಿದ್ರೆ ಅದು ಓಡಿಹೋಗತ್ತೆ. ಮೆಲ್ಲಗೆ ಓರೆ ಮಾಡು. ಈ ಕಡೆ... ಈ ಕಡೆ..." ಎಂದಳು ಬಟಾಣಿ. ಮಣಿ ತೂತಿನ ಅಂಚಿಗೆ ಬಂತು, ಇಣುಕಿತು, ಮತ್ತೆ ಒಳಗೆ ಉರುಳಿತು. "ಪರ್ವಾಗಿಲ್ಲ ಅಕ್ಕಾ, ಹತ್ರ ಬಂದಿತ್ತು." ಇನ್ನೊಂದು ಸಲ. "ಅಯ್ಯೋ, ಇನ್ನೂ ಹತ್ರ ಬಂತು!" ಬಟಾಣಿ ಒಂದು ಸಲವೂ ಪಿಟೀಲನ್ನು ಅವಳ ಕೈಯಿಂದ ಕಿತ್ತುಕೊಳ್ಳಲಿಲ್ಲ. ಕೊನೆಗೆ ಮಣಿ ಜೀರುಂಡೆಯ ಹಣೆಗೆ ಬಡಿದು ಪುಟಿದು ಕುರ್ಚಿಯ ಕೆಳಗೆ ಓಡಿತು. ಅಪ್ಪ ಬಗ್ಗಿ ಹುಡುಕಿ ಕೊಟ್ಟರು.

"ತಗೋ ಅಕ್ಕಾ. ನಿಂದು."

ಜೀರುಂಡೆ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ನೆನಪಿನಲ್ಲಿ ಅದು ಎಷ್ಟು ದೊಡ್ಡದಿತ್ತು! ಬಣ್ಣವೂ ಇಷ್ಟು ಮಾಸಿರಲಿಲ್ಲ. ಮಣಿಯನ್ನು ಜೇಬಿಗೆ ಹಾಕಿಕೊಂಡಳು. ಪಿಟೀಲನ್ನು ಬಟಾಣಿಯ ಭುಜದ ಮೇಲೆ ಇಟ್ಟಳು.

"ಈಗ ಬಾರಿಸು. ನಾನು ಕೇಳ್ತೀನಿ."

ಬಟಾಣಿ ಬಾರಿಸಿದಳು. ದೇವರೇ, ಅದೆಂಥ ಸದ್ದು! ಕಮಾನು ಎತ್ತಲೋ, ಬೆರಳು ಎತ್ತಲೋ. "ಹಾಗಲ್ಲ" ಎಂಬ ಮಾತು ಜೀರುಂಡೆಯ ತುಟಿಯವರೆಗೂ ಬಂತು, ತಡೆದುಕೊಂಡಳು. ಎದ್ದು ಹಿಂದೆ ಹೋಗಿ ಆ ಪುಟ್ಟ ಮೊಣಕೈಗೆ ಆಸರೆಯಾಗಿ ಕೈ ಹಿಡಿದಳು. ಕುರ್ಚಿಯಲ್ಲಿ ಅಪ್ಪ ಮುಚ್ಚಿಹೋಗುವ ಕಣ್ಣನ್ನು ಬಲವಂತವಾಗಿ ತೆರೆದುಕೊಂಡು ತಾಳ ಹಾಕುತ್ತಿದ್ದರು. ತಾಳವೇ ಇಲ್ಲದ ಪಾಠಕ್ಕೆ ತಾಳ!

ಆಗ ಅವಳಿಗೆ ಅಜ್ಜಿ ನೆನಪಾದಳು. ಜೀರುಂಡೆ ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ಪಿಟೀಲು ತೆಗೆದರೆ ಸಾಕು, ಅಜ್ಜಿ ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಕಿವಿಯ ಮೆಷಿನ್ನನ್ನು ಬೆರಳಿನಿಂದ ಒತ್ತಿಕೊಳ್ಳುತ್ತಿದ್ದಳು. ನನ್ನ ಪಾಠ ಚೆನ್ನಾಗಿ ಕೇಳಲಿ ಎಂದು ಜೋರು ಮಾಡಿಕೊಳ್ಳುತ್ತಾಳೆ ಎಂದೇ ಜೀರುಂಡೆ ತಿಳಿದಿದ್ದಳು. ಇಷ್ಟು ದಿನದ ಮೇಲೆ ಈಗ ಅನುಮಾನ ಬಂತು. ಅಜ್ಜಿ ಅದನ್ನು ಜೋರು ಮಾಡುತ್ತಿದ್ದಳೋ, ಆಫ್ ಮಾಡುತ್ತಿದ್ದಳೋ! ಕೇಳೋಣವೆಂದರೆ ಅಜ್ಜಿ ಹೋಗಿ ವರ್ಷದ ಮೇಲಾಯಿತು. ಏನೇ ಮಾಡಿರಲಿ, ಪಾಠ ಮುಗಿಯುವ ತನಕ ಅಜ್ಜಿ ಒಂದು ದಿನವೂ ಎದ್ದು ಹೋದವಳಲ್ಲ. ಮುಗಿದ ಮೇಲೆ ಒಂದೇ ಮಾತು. "ಇನ್ನೊಂದ್ ಸಲ ಬಾರಿಸು ಮರಿ."

ಜೀರುಂಡೆಗೆ ನಗು ಬಂತು. ಕಣ್ಣೂ ತುಂಬಿತು.

"ಚೆನ್ನಾಗಿರ್ಲಿಲ್ವಾ ಅಕ್ಕಾ?" ಬಟಾಣಿ ಕಮಾನು ಇಳಿಸಿ ಕೇಳಿದಳು.

"ಮೊದಲನೇ ಸಲಕ್ಕಿಂತ ಚೆನ್ನಾಗಿತ್ತು. ಮತ್ತೆ ನಾನು ಒಂದೇ ದಿನಕ್ಕೆ ಕಲ್ತೆ ಅಂದಿದ್ದೆನಲ್ಲ, ಅದು ಸುಳ್ಳು. ಅವತ್ತು ಬೈದಿದ್ದಕ್ಕೆ ಸಾರಿ ಕಣೇ. ಮುಂದಿನ ಶನಿವಾರ ಬಾ."

ಅವಳು ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ಮೇಲೆ ಮತ್ತೆ ಶುರುವಾಗಿತ್ತು. ಮನೆಗೆ ಹೋಗಬೇಕೆಂದುಕೊಂಡವಳು ಕಿಟಕಿಯ ಕೆಳಗೇ ನಿಂತಳು.

ಎದುರಿನ ಗೋಡೆಗೆ ಏಣಿ ಹಾಕಿಕೊಂಡು ಬಣ್ಣ ಬಳಿಯುತ್ತಿದ್ದ ಪೇಂಟರ್ ಕೂಗಿ ಕೇಳಿದ, "ಏನಮ್ಮಾ, ಯಾರದು ಆ ಪಿಟೀಲು? ಯಾರ ಮನೆ ಬಾಗಿಲಿಗೋ ಎಣ್ಣೆ ಹಾಕಿಲ್ಲ ಅಂದ್ಕೊಂಡಿದ್ದೆ!"

"ಬಟಾಣೀದು" ಎಂದಳು ಜೀರುಂಡೆ. "ಈಗಷ್ಟೇ ಕಲೀತಿದಾಳೆ. ಸ್ವಲ್ಪ ತಡೀರಿ, ಇನ್ನೊಂದ್ ಸಲ ಬಾರಿಸ್ತಾಳೆ."

ಪೇಂಟರ್ ನಕ್ಕು ಬ್ರಷ್ಷನ್ನು ಡಬ್ಬದ ಮೇಲಿಟ್ಟು ಏಣಿಯ ಮೇಲೇ ಕೂತ. ಕಿರ್ರ್ ಎಂದು ಕಿಟಕಿಯಿಂದ ಮೊದಲ ಸ್ವರ ಹೊರಬಿತ್ತು.